ಅಲಾಸ್ಕಕ್ಕೆ ಹೊರಟ ನೀಲಿ ಡ್ರಮ್ಮು

ನೀವು ಯಾರೇ ಆಗಿರಿ, ನನ್ನ ಅಕ್ಕನಷ್ಟು ಅದೃಷ್ಟವಂತರಲ್ಲ. ಅವಳಷ್ಟು ತಿಕ್ಕಲೂ ಅಲ್ಲ, ಅದು ಬೇರೆ ಮಾತು. ಎರಡನ್ನೂ ಒಂದೇ ಹೆಂಗಸಿಗೆ ಧಾರಾಳವಾಗಿ ಕೊಡುವಾಗ, ಬೆನ್ನಿಗೇ ಹುಟ್ಟಿದ ತಂಗಿಯೊಬ್ಬಳು ಹೊನ್ನಾವರದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು ಕೂತಿದ್ದಾಳೆ ಎಂಬುದು ದೇವರಿಗೆ ನೆನಪಾಗಲಿಲ್ಲವೇ?

ಅಕ್ಕ ಪಕ್ಕದ ಮಂಕಿ ಊರಿನವಳು. ಅಂದರೆ ಮದುವೆ ಮಾಡಿ ಅಲ್ಲಿಗೆ ಕೊಟ್ಟದ್ದು. ಭಾವನದು ಮೀನಿನ ಬೋಟು. ಅವರ ಒಬ್ಬಳೇ ಮಗಳು ದೊಡ್ಡದೊಂದು ಪ್ರವಾಸಿ ಹಡಗಿನ ಅಡುಗೆಮನೆಯಲ್ಲಿ ಕೇಕು ಮಾಡುವ ಕೆಲಸದಲ್ಲಿದ್ದಾಳೆ. ಈ ಬೇಸಿಗೆಯಲ್ಲಿ ಆ ಹಡಗು ಅಲಾಸ್ಕಕ್ಕೆ ಹೋಗುತ್ತದಂತೆ. ಕೆಲಸದವರು ತಮ್ಮ ಮನೆಯಿಂದ ಒಬ್ಬರನ್ನು ಕರೆದುಕೊಂಡು ಬರಬಹುದಂತೆ. ಒಬ್ಬರನ್ನು! ಇಬ್ಬರು ಅಂದಿದ್ದರೆ ಹಡಗು ಮುಳುಗುತ್ತಿತ್ತೇ?

ನ್ಯಾಯ ನೀವೇ ಹೇಳಿ. ನನ್ನ ಅಂಗಡಿಯ ಗೋಡೆಯ ಮೇಲೆ ಹಿಮದ ಬೆಟ್ಟದ ಕ್ಯಾಲೆಂಡರು ಇದೆ. ವರ್ಷ ಮುಗಿದರೂ ನಾನು ಅದನ್ನು ಇಳಿಸಿಲ್ಲ. ಕಬ್ಬಿನ ಹಾಲಿಗೆ ಐಸು ಜಾಸ್ತಿ ಹಾಕು ಎಂದು ಜಗಳ ಮಾಡಿ ಕುಡಿಯುವವಳು ನಾನು. ಅಕ್ಕನೋ, ಫ್ರಿಜ್ಜಿನ ನೀರು ಮುಟ್ಟಿದರೆ ಹಲ್ಲು ಜುಂ ಅಂತದೆ ಎಂದು ಮೇ ತಿಂಗಳಲ್ಲೂ ಬಿಸಿನೀರು ಕುಡಿಯುವ ಹೆಂಗಸು. ಅವಳಿಗೆ ಅಲಾಸ್ಕ, ನನಗೆ ಕ್ಯಾಲೆಂಡರು. ನನಗೆ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ, ಎರಡು ದಿನ ಸರಿಯಾಗಿ ಊಟವೂ ಸೇರಲಿಲ್ಲ.

ಹೊರಡುವ ಮೊದಲು ಇಡಗುಂಜಿಗೆ ಹೋಗಿ ಬರಬೇಕು ಎಂದು ನನ್ನನ್ನೂ ಎಳೆದುಕೊಂಡು ಹೋದಳು. ಅವಳು ಕಣ್ಣು ಮುಚ್ಚಿ ಪ್ರಯಾಣ ಸುಖವಾಗಲಿ ಎಂದು ಬೇಡಿಕೊಂಡಳು. ಪಕ್ಕದಲ್ಲಿ ನಿಂತ ನಾನು, ವಿಘ್ನ ನಿವಾರಿಸುವ ಗಣಪತಿಯ ಹತ್ತಿರ ಸಣ್ಣದೊಂದು ವಿಘ್ನ ಕೇಳಿಕೊಂಡೆ. ಹೆಚ್ಚೇನೂ ಅಲ್ಲ, ವೀಸಾ ಸಿಗದಿದ್ದರೆ ಸಾಕು ಎಂದೆ. ಮರುವಾರವೇ ವೀಸಾ ಬಂತು. ತನ್ನ ಕಸುಬು ಬಿಟ್ಟು ಬೇರೆಯವರ ಕಸುಬು ಮಾಡಲು ಅವನೂ ಒಪ್ಪುವುದಿಲ್ಲ, ಬಿಡಿ.

ಆಮೇಲೆ ಬಟ್ಟೆಯ ಚಿಂತೆ ಶುರುವಾಯಿತು. ನಮ್ಮ ಕರಾವಳಿಯಲ್ಲಿ ಸ್ವೆಟರು ಯಾರ ಹತ್ತಿರ ಇದೆ? ಅದೂ ಮೇ ತಿಂಗಳಲ್ಲಿ! ಫಾರಿನ್ ಸಾಮಾನು ಎಲ್ಲ ಭಟ್ಕಳದಲ್ಲಿ ಸಿಗುತ್ತದೆ ಎಂದು ಯಾರೋ ಹೇಳಿದರು. ಬಸ್ಸಿನಲ್ಲಿ ಬೆವರು ಒರೆಸಿಕೊಳ್ಳುತ್ತ ಹೋದೆವು. ಅತ್ತರು, ಬ್ಲಾಂಕೆಟ್ಟು, ಖರ್ಜೂರಗಳ ನಡುವೆ ಕೂತಿದ್ದ ಅಂಗಡಿಯ ಸಾಹೇಬರು ನಮ್ಮನ್ನು ಮೇಲೆ ಕೆಳಗೆ ನೋಡಿದರು.

"ಸ್ವೆಟರಾ? ಈಗಲಾ? ಅಕ್ಕಾ, ತಬಿಯತ್ತು ಬರೋಬರಿ ಉಂಟಲ್ಲ?"

ಕೊನೆಗೆ ಅಟ್ಟದಿಂದ ಒಂದು ದಪ್ಪ ಜಾಕೀಟು ತೆಗೆದು ಧೂಳು ಕೊಡವಿದರು. ಗಂಡಸರದು, ಮೊಣಕಾಲಿನವರೆಗೆ ಬರುವಂಥದ್ದು.

"ಚಳಿ ತಡಿತದಾ?" ಅಕ್ಕ ಕೇಳಿದಳು.

"ತಡಿಯುದಾ! ಐಸಿನ ಮೇಲೆ ಕೂತರೂ ಬೆವರ್ತೀರಿ."

ವ್ಯಾಪಾರಸ್ಥರು ಇಂಥ ಮಾತು ಎಲ್ಲರಿಗೂ ಹೇಳುತ್ತಾರೆ. ಎಲ್ಲರೂ ನಕ್ಕು, ಚೌಕಾಶಿ ಮಾಡಿ, ಮನೆಗೆ ಹೋಗುತ್ತಾರೆ. ನನ್ನ ಅಕ್ಕ ಸೀದಾ ಐಸು ಫ್ಯಾಕ್ಟರಿಗೆ ಹೋದಳು!

ಭಾವನ ಬೋಟಿಗೆ ಐಸು ಕೊಡುವ ಫ್ಯಾಕ್ಟರಿ ಅದು, ಬಂದರಿನ ಹತ್ತಿರ. ಸೀರೆಯ ಮೇಲೆ ಜಾಕೀಟು ತೊಟ್ಟು, ಐಸು ಇಡುವ ಕೋಣೆಯೊಳಗೆ ಹೋಗಿ, ಒಂದು ಐಸಿನ ಗಡ್ಡೆಯ ಮೇಲೆ ಗೋಣಿ ಹಾಸಿಕೊಂಡು ಕೂತೇಬಿಟ್ಟಳು. ಅಷ್ಟಕ್ಕೇ ಬಿಟ್ಟಳೇ? "ತಂಗೀ, ನೀನೂ ಬಾರೆ. ಜಾಕೀಟು ಇಲ್ಲದಿದ್ರೆ ಎಷ್ಟು ಚಳಿ ಅಂತ ಗೊತ್ತಾಗುಕೆ ಒಬ್ಬರು ಬೇಕಲ್ಲ" ಎಂದು ನನ್ನನ್ನೂ ಎಳೆದು ಕೂರಿಸಿದಳು. ಅವಳ ಬಾಯಿಯಲ್ಲಿದ್ದ ಎಲೆಯಡಿಕೆಯ ಕವಳ ಮುಗಿಯುವ ತನಕ ಏಳುವ ಹಾಗಿಲ್ಲ. ಬಾಗಿಲಲ್ಲಿ ಐಸು ಒಡೆಯುವವರೆಲ್ಲ ಕೆಲಸ ಬಿಟ್ಟು ನಿಂತಿದ್ದರು.

ಹೊರಗೆ ಬಂದು ತೀರ್ಪು ಕೊಟ್ಟಳು. "ಬೆನ್ನು ಬೆಚ್ಚಗೆ ಉಳಿತು. ಮೂಗು ಮಾತ್ರ ಹೋತು."

ಹಾಗಾಗಿ ಮೂಗಿಗೊಂದು ಚೀಲ ಹೊಲಿಯುವ ಕೆಲಸ ನನಗೆ ಬಂತು. ಉಣ್ಣೆಯ ಲಂಗ ಬೇರೆ. ನಾನು ಕಿವಿಗೆ ಮಫ್ಲರ್ ಸುತ್ತಿಕೊಂಡು ಸೀನುತ್ತ ಹೊಲಿದೆ. ಊರೆಲ್ಲ ಸೆಕೆಯಲ್ಲಿ ಬೇಯುತ್ತಿದ್ದಾಗ ಹೊನ್ನಾವರದಲ್ಲಿ ಚಳಿ ಹಿಡಿದು ನೆಗಡಿಯಾದವಳು ನಾನೊಬ್ಬಳೇ. ಹಡಗು ಹತ್ತುವವಳು ಅವಳು, ನೆಗಡಿ ನನಗೆ!

ಇನ್ನು ಗಂಟು ಕಟ್ಟುವುದು. ಇದರಲ್ಲಿ ಮಾತ್ರ ಅಕ್ಕನ ಮುಂದೆ ಯಾರೂ ನಿಲ್ಲುವುದಿಲ್ಲ. ಮದುವೆಯಾದಾಗಿನಿಂದ ಭಾವ ಸಮುದ್ರಕ್ಕೆ ಹೋಗುವಾಗೆಲ್ಲ ಅವರ ಬಟ್ಟೆ, ಬೆಲ್ಲ, ಬೆಂಕಿಪೊಟ್ಟಣ ಎಲ್ಲ ಕಟ್ಟಿಕೊಟ್ಟವಳು ಅವಳೇ. ಕಟ್ಟಿಕೊಟ್ಟಿದ್ದಾಳೆ ಅಷ್ಟೇ, ತಾನು ಒಮ್ಮೆಯೂ ಹೋದದ್ದಿಲ್ಲ. ಅವರ ಮನೆಯಲ್ಲಿ ಹೆಂಗಸರು ಬೋಟು ಹತ್ತುವ ಪದ್ಧತಿಯಿಲ್ಲ. ಬೋಟು ಹೊರಟಾಗ ದಂಡೆಯ ಮೇಲೆ ನಿಂತು ಕಣ್ಮರೆಯಾಗುವ ತನಕ ನೋಡುವುದು, ಆಮೇಲೆ ದಿನಾ ಸಂಜೆ ಹೋಗಿ ನಿಂತು ಬರುವುದು, ಇದು ಪದ್ಧತಿ. ಉಳಿದ ಮನೆಗಳಲ್ಲಿ ಇದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಈಗ ಬೋಟಿನಲ್ಲಿ ಮೊಬೈಲಿದೆ, ವಯರ್‌ಲೆಸ್ಸಿದೆ. ಅಕ್ಕ ಮಾತ್ರ ಬಿಟ್ಟಿಲ್ಲ. ಒಲೆಯ ಮೇಲೆ ಹಾಲಿರಲಿ, ಮನೆಗೆ ನೆಂಟರು ಬಂದಿರಲಿ, ಹೊತ್ತು ಇಳಿಯಿತೆಂದರೆ ಹೋಗಿ ನಿಲ್ಲುತ್ತಾಳೆ. ಅವಳ ಮನೆಯಲ್ಲಿ ಸಂಜೆಯ ಚಾ ನಾನೇ ಮಾಡಿಕೊಂಡು ಕುಡಿಯಬೇಕು.

ಅವಳಿಗೆ ಗೊತ್ತಿದ್ದದ್ದು ಸಮುದ್ರಕ್ಕೆ ಗಂಟು ಕಟ್ಟುವ ವಿದ್ಯೆ ಒಂದೇ ತಾನೇ? ಹಾಗೇ ಕಟ್ಟಿದಳು. ಒಂದೊಂದು ಬಟ್ಟೆಯನ್ನೂ ಸುರುಳಿ ಸುತ್ತಿ, ಪ್ಲಾಸ್ಟಿಕ್ಕಿನಲ್ಲಿ ಹಾಕಿ, ಗಾಳಿ ಹಿಂಡಿ ತೆಗೆದು, ಬಲೆಯ ದಾರದಿಂದ ಗಂಟು ಬಿಗಿದು, ಎಲ್ಲವನ್ನೂ ಬೋಟಿನ ನೀಲಿ ಡ್ರಮ್ಮಿಗೆ ತುಂಬಿ ಮುಚ್ಚಳ ತಿರುಗಿಸಿದಳು. ಮೊಬೈಲಿನಲ್ಲಿ ನೋಡುತ್ತಿದ್ದ ಮಗಳು ಕಿರುಚಿಕೊಂಡಳು.

"ಆಯೀ! ಡ್ರಮ್ಮು ಎಂತಕ್ಕೆ? ಸೂಟ್‌ಕೇಸ್ ತಕೋ!"

"ಸೂಟ್‌ಕೇಸು ತೇಲ್ತದಾ?"

"ತೇಲುದು ಎಂತಕ್ಕೆ ಆಯಿ? ಇದು ಊರಷ್ಟು ದೊಡ್ಡ ಹಡಗು!"

"ಹಡಗು ದೊಡ್ಡದಾದ್ರೆ ಸಮುದ್ರ ಸಣ್ಣದಾಗ್ತದಾ?"

ನಾನು ಅಕ್ಕನ ಪರವಾಗಿ ಮಾತಾಡಿದೆ, ಡ್ರಮ್ಮೇ ಒಳ್ಳೆಯದು ಎಂದೆ. ವಿಮಾನದವರು ಡ್ರಮ್ಮು ನೋಡಿ ಅವಳನ್ನು ವಾಪಸು ಕಳಿಸಲಿ ಎಂಬುದು ನನ್ನ ಆಸೆ. ಆ ಆಸೆಯೂ ಕೈಗೂಡಲಿಲ್ಲ. ಭಾವ ಬೋಟಿಗೆ ಹೊರಡುವಾಗ ಡ್ರಮ್ಮು ಬೇಕು ಎಂದು ಎತ್ತಿಕೊಂಡು ಹೋದರು. ಅಕ್ಕ ಗೊಣಗುತ್ತ ಸುರುಳಿಗಳನ್ನೆಲ್ಲ ಸೂಟ್‌ಕೇಸಿಗೆ ಸಾಗಿಸಿದಳು. ಆಗ ನನ್ನ ಕಣ್ಣಿಗೆ ಒಂದು ಹೊಸ ಚೌಕಳಿ ಲುಂಗಿ, ಒಂದು ಬನಿಯನ್ನು ಬಿದ್ದವು.

"ಇದು ಯಾರಿಗೆ?"

"ಹಡಗಿನ ತಾಂಡೇಲನಿಗೆ."

ತಾಂಡೇಲ ಅಂದರೆ ನಮ್ಮಲ್ಲಿ ಬೋಟು ನಡೆಸುವವನು. ಅವನಿಗೆ ಒಂದು ಜತೆ ಒಣಬಟ್ಟೆ ಯಾವಾಗಲೂ ಅಕ್ಕನ ಮನೆಯಿಂದಲೇ ಹೋಗಬೇಕು. ಅಲಾಸ್ಕದ ಹಡಗಿನ ಕಪ್ತಾನ ಕೋಟು, ಟೊಪ್ಪಿ ಹಾಕಿಕೊಂಡು ಗಾಜಿನ ಕೋಣೆಯೊಳಗೆ ನಿಲ್ಲುತ್ತಾನೆ ಕಣೇ ಎಂದೆ.

"ನಿಲ್ಲಲಿ. ಮಳೆ ಬಂದ್ರೆ ಅವನೂ ಒದ್ದೆ ಆಗ್ತ. ಅವನ ಆಯಿ ಅಲ್ಲೆಲ್ಲಿ ಇರ್ತಾಳೆ?"

ಕುಮಟಾ ಸ್ಟೇಷನ್ನಿಗೆ ಅವಳನ್ನು ಕಳಿಸಲು ಹೋದವಳು ನಾನೊಬ್ಬಳೇ. ಭಾವ ಸಮುದ್ರದಲ್ಲಿದ್ದರು. ಮಗಳು ಹಡಗಿನಿಂದ ರಜೆ ಪಡೆದು ಮುಂಬೈಗೆ ಬಂದು ಇಳಿಸಿಕೊಂಡು, ಅಲ್ಲಿಂದ ಇಬ್ಬರೂ ವಿಮಾನ ಹತ್ತುವುದು ಎಂದು ಮಾತಾಗಿತ್ತು. ಸೂಟ್‌ಕೇಸಿನಲ್ಲಿ ಜಾಗವಿಲ್ಲವೆಂದು ಜಾಕೀಟನ್ನು ಆ ಸೆಕೆಯಲ್ಲಿ ಮೈಮೇಲೇ ಹಾಕಿಕೊಂಡಿದ್ದಳು. ಪ್ಲಾಟ್‌ಫಾರ್ಮಿನವರೆಲ್ಲ ಅವಳನ್ನೇ ನೋಡುತ್ತಿದ್ದರು. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು. ನನ್ನನ್ನು ಯಾರು ಹಾಗೆ ನೋಡಿದ್ದಾರೆ?

ರೈಲು ಬಂತು. ಸೂಟ್‌ಕೇಸನ್ನು ನಾನೇ ಒಳಗಿಟ್ಟು ಇಳಿದೆ. ಅಕ್ಕ ಹತ್ತಲಿಲ್ಲ. ಬಾಗಿಲ ಕಂಬಿ ಹಿಡಿದು ನಿಂತೇ ಇದ್ದಳು.

"ತಂಗೀ, ನಾ ಹೋಗುದಿಲ್ಲ."

"ಎಂತ ಆತೆ?"

"ನಂಗೆ ಹೆದರಿಕೆ ಆಗ್ತದೆ. ನೀನು ಬ್ಯಾಡ ಅಂದ್ರೆ ಈಗಲೇ ತಿರುಗಿ ಬರ್ತೆ."

ನೋಡಿ! ನಾನು ಗಣಪತಿಯ ಹತ್ತಿರ ಬೇಡಿದ್ದು, ಡ್ರಮ್ಮಿನಿಂದ ಬಯಸಿದ್ದು, ಎಲ್ಲವನ್ನೂ ಅವಳೇ ತಂದು ನನ್ನ ಕೈಯಲ್ಲಿಟ್ಟಿದ್ದಳು. ಬೇಡ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅವಳ ಮುಖ ನೋಡಿದೆ. ಬೆವರು ಕಣ್ಣಿಗೆ ಇಳಿಯುತ್ತಿದ್ದರೂ ಅವಳು ಕಂಬಿ ಬಿಟ್ಟು ಒರೆಸಿಕೊಳ್ಳಲಿಲ್ಲ.

"ಸಮುದ್ರಕ್ಕೆ ಹೆದರ್ತ್ಯಾ? ನೀನಾ?"

"ಸಮುದ್ರಕ್ಕಲ್ಲವೇ." ಅವಳು ನನ್ನ ಕೈ ಹಿಡಿದುಕೊಂಡಳು. "ಇಷ್ಟು ವರ್ಷ ಹೋದವರಿಗೆಲ್ಲ ದಂಡೆ ಮೇಲೆ ನಿಂತವಳು ನಾನು. ನಿಮ್ಮ ಭಾವನಿಗೆ ಹೋಗಿ ಗೊತ್ತು, ಕಾದು ಗೊತ್ತಿಲ್ಲ. ನಾನೇ ಹೋದ್ರೆ ನಂಗೆ ನಿಲ್ಲುಕೆ ಯಾರಿದ್ದಾರೆ ಹೇಳು?"

ಅವಳ ಮದುವೆಯಲ್ಲೂ ನಾನು ಅಷ್ಟು ಅತ್ತಿರಲಿಲ್ಲ.

"ನಾನಿಲ್ವೇನೆ? ನಾ ನಿಲ್ತೆ. ನೀ ಹತ್ತು ಮೊದಲು" ಎಂದು ಬೈದು, ಜಾಕೀಟಿನ ಬೆನ್ನಿಗೆ ಕೈಕೊಟ್ಟು ಒಳಗೆ ನೂಕಿದೆ. ರೈಲು ಹೊರಟಿತು. ಕೊನೆಯ ಡಬ್ಬಿ ಕಣ್ಮರೆಯಾಗುವ ತನಕ ಅಲ್ಲೇ ನಿಂತು ನೋಡಿದೆ.

ಹೊಟ್ಟೆಕಿಚ್ಚು ಹೋಯಿತು ಎಂದುಕೊಂಡಿರಾ? ಎಲ್ಲಿಂದ ಹೋಗುತ್ತದೆ! ನಿನ್ನೆ ಅವಳು ಕಳಿಸಿದ ಫೋಟೊದಲ್ಲಿ ಹಿಂದೆಲ್ಲ ಬೆಳ್ಳಗೆ ಹಿಮ, ಮುಂದೆ ನಾನು ಹೊಲಿದ ಮೂಗುಚೀಲ ಹಾಕಿಕೊಂಡ ಅಕ್ಕ. ಲುಂಗಿಯನ್ನು ಕಪ್ತಾನನಿಗೆ ಮುಟ್ಟಿಸಿದಳಂತೆ, ಅವನು ಕೈಮುಗಿದನಂತೆ. ನನ್ನ ಹೊಟ್ಟೆ ಧಗಧಗ ಉರಿಯಿತು.

ಆದರೂ ಈಗ ದಿನಾ ಸಂಜೆ ಅಂಗಡಿಗೆ ಬೇಗ ಬೀಗ ಹಾಕುತ್ತೇನೆ. ರವಿಕೆ ಕೇಳಲು ಬಂದವರು ಬೈಯುತ್ತಾರೆ, ಬೈಯಲಿ. ಅಲಾಸ್ಕ ಯಾವ ದಿಕ್ಕಿಗೆ ಇದೆಯೋ ನನಗೆ ಗೊತ್ತಿಲ್ಲ. ನೀರು ಕಾಣುವ ಕಡೆ ಮುಖಮಾಡಿ ನಿಲ್ಲುತ್ತೇನೆ. ಕತ್ತಲಾಗುವ ಹೊತ್ತಿಗೆ ಅವಳ ಫೋನು ಬರುತ್ತದೆ. ಹಿಮದ ಸುದ್ದಿ, ಊಟದ ಸುದ್ದಿ ಎಲ್ಲ ಆಮೇಲೆ. ಮೊದಲು ಕೇಳುವುದು ಒಂದೇ ಮಾತು.

"ನಿಂತಿದ್ಯಾ?"

"ನಿಂತಿದ್ದೆ."