ಮಾವನವರ ಜೊತೆ ಮ್ಯಾಟ್ನಿ

ನಮ್ಮ ಅಂಗಡಿಯ ವ್ಯಾನಿನ ಟಯರು ಮಾವನವರ ಊರಾದ ಬಾಳೂರಿನಿಂದ ಇಳಿಯುವ ಯಾವುದಾದರೂ ತಿರುವಿನಲ್ಲಿ ಪಂಕ್ಚರ್ ಆಗಬಹುದಿತ್ತು. ಸ್ಟೆಪ್ನಿ ತೆಗೆದು ನೋಡಿದರೆ ಅದರಲ್ಲೂ ಗಾಳಿ ಇಲ್ಲದಿರಬಹುದಿತ್ತು. ಮೂಡಿಗೆರೆ ದಾಟಿದ ಮೇಲೆ ಒಂಟಿ ಆನೆ ರಸ್ತೆಗೆ ಅಡ್ಡ ನಿಂತು, ಹಿಂದೆ ಮುಂದೆ ವಾಹನಗಳು ಸಾಲುಗಟ್ಟಿ, ನಾವು ಚಿಕ್ಕಮಗಳೂರು ಮುಟ್ಟುವಷ್ಟರಲ್ಲಿ ಸಿನಿಮಾ ಮುಗಿದು ಜನ ಹೊರಗೆ ಬರುತ್ತಿರಬಹುದಿತ್ತು. ಥಿಯೇಟರಿನ ಮೆಟ್ಟಿಲಲ್ಲಿ ಮಾವನವರ ಮಂಡಿ ಕೈಕೊಡಬಹುದಿತ್ತು. ಪಾಪ್‌ಕಾರ್ನ್ ಅವರ ಹಲ್ಲುಸೆಟ್ಟಿನೊಳಗೆ ಸಿಕ್ಕಿಕೊಂಡು, ಅದನ್ನು ತೆಗೆಯಲು ಹೋಗಿ ಹಲ್ಲುಸೆಟ್ಟೇ ಕತ್ತಲಲ್ಲಿ ಎಲ್ಲೋ ಬೀಳಬಹುದಿತ್ತು. ನಾಯಕ ನಾಯಕಿ ಮಳೆಯಲ್ಲಿ ನೆನೆದು, ಹಿರಿಯರ ಎದುರು ನೋಡಬಾರದ್ದೇನಾದರೂ ಮಾಡಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಸಿನಿಮಾದ ಶ್ರೀಮಂತ ಅಪ್ಪ ಬಡ ನಾಯಕನ ಕಪಾಳಕ್ಕೆ ಬಾರಿಸುವಾಗ ನಮ್ಮ ಮಾವನವರು ‘ಸರಿಯಾಯ್ತು’ ಎಂದು ತಲೆದೂಗಬಹುದಿತ್ತು. ಇದಿಷ್ಟನ್ನೂ ನಾನು ಹಿಂದಿನ ವಾರದಿಂದಲೇ ಯೋಚಿಸಿ, ಒಂದೊಂದಕ್ಕೂ ಪರಿಹಾರ ಹುಡುಕಿ ಸಿದ್ಧನಾಗಿದ್ದೆ. ಇವುಗಳಲ್ಲಿ ಒಂದೂ ಆಗಲಿಲ್ಲ. ಆಗಿದ್ದು ಬೇರೆ, ಅದೂ ಸಣ್ಣದು. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲೇ ಹೇಳಿಬಿಟ್ಟರೆ ನೀವು ನಕ್ಕು ಎದ್ದುಹೋಗುತ್ತೀರೇನೋ ಎಂಬುದು ನನ್ನ ಈಗಿನ ಚಿಂತೆ.

ಚಿಂತೆ ಮಾಡುವುದು ನನಗೆ ಬೆಳಗಿನ ಕಾಫಿಯಷ್ಟೇ ಅಭ್ಯಾಸವಾಗಿಹೋಗಿದೆ. ಗೋಣಿಬೀಡಿನಲ್ಲಿ ನನ್ನದೊಂದು ಪೈಪು, ಸ್ಪ್ರೇಯರು ಮಾರುವ ಅಂಗಡಿ. ಬೇಸಿಗೆಯಲ್ಲಿ ಮಳೆ ಬಂದರೆ ಸ್ಪ್ರಿಂಕ್ಲರ್ ಪೈಪು ಯಾರೂ ಕೇಳುವುದಿಲ್ಲವೆಂದು ಚಿಂತೆ. ಬಾರದಿದ್ದರೆ ಹೆಂಡತಿಯ ತವರಿನ ಕಾಫಿ ತೋಟದಲ್ಲಿ ಹೂ ಅರಳುವುದಿಲ್ಲವೆಂದು ಚಿಂತೆ. ಎರಡೂ ಅಲ್ಲದಂತೆ ಬರಿಯ ಮೋಡ ಕವಿದು ನಿಂತರೆ, ಯಾವುದರ ಬಗ್ಗೆ ಚಿಂತಿಸಬೇಕೆಂದು ತಿಳಿಯದೆ ಅಂಗಡಿಯ ಮುಂದೆ ಹೋಗಿ ಆಕಾಶ ನೋಡುತ್ತ ನಿಲ್ಲುತ್ತೇನೆ. “ಚಿಂತೆ ಮಾಡೋಕೆ ಏನೂ ಸಿಗದಿದ್ರೆ, ಯಾಕೆ ಸಿಗ್ಲಿಲ್ಲ ಅಂತ ಚಿಂತೆ ನಿಮಗೆ” ಎನ್ನುತ್ತಾಳೆ ನನ್ನ ಹೆಂಡತಿ ವಸುಧಾ. ಅವಳಿಗೆ ಚಿಂತೆ ಎಂಬುದೇ ಇಲ್ಲ. ದೊಡ್ಡ ತೋಟದ ಮನೆಯಲ್ಲಿ ಹುಟ್ಟಿದವಳು. ನಾನು ಅದೇ ತೋಟದಲ್ಲಿ ರೈಟರ್ ಆಗಿದ್ದವನು.

ರೈಟರ್ ಎಂದರೆ ಕಥೆ ಬರೆಯುವವನಲ್ಲ, ತೋಟದ ಗುಮಾಸ್ತ. ಆಳುಗಳ ಹಾಜರಿ, ಗೊಬ್ಬರ, ಮಳೆ ಎಲ್ಲ ನೋಡಿಕೊಂಡು, ಸಂಜೆ ಬಂಗಲೆಗೆ ಹೋಗಿ ಸಾಹುಕಾರರಿಗೆ ವರದಿ ಒಪ್ಪಿಸಬೇಕು. ಸಾಹುಕಾರರು ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತಿರುತ್ತಾರೆ. ರೈಟರ್ ನಿಂತಿರುತ್ತಾನೆ. ಹೀಗೆಂದು ಯಾರೂ ನಿಯಮ ಮಾಡಿದ್ದಲ್ಲ. ಕೂರು ಎಂದು ಅವರು ಹೇಳುವುದಿಲ್ಲ, ಕೂರಬೇಕೆಂದು ನಮಗೆ ತೋಚುವುದೂ ಇಲ್ಲ, ಅಷ್ಟೆ. ನಮ್ಮಿಬ್ಬರ ಮನೆಯ ಜಾತಿ ಒಂದೇ, ಕುಲದೇವರೂ ಒಂದೇ. ಆದರೆ ಕುರ್ಚಿ ಒಂದೇ ಇತ್ತು, ಅದು ಅವರದ್ದು.

ನಾನು ಹಾಗೆ ನಿಂತು “ಇವತ್ತು ಮಳೆ ಅರ್ಧ ಇಂಚು ಸಾರ್” ಎನ್ನುವಾಗ ಒಳಗಿನ ಕಿಟಕಿಯಿಂದ ಹಿಂದಿ ಹಾಡು ಕೇಳಿಬರುತ್ತಿತ್ತು. ಮಂಗಳೂರಿನ ಹಾಸ್ಟೆಲಿನಲ್ಲಿದ್ದು ಓದಿ ಬಂದಿದ್ದ ಮಗಳು ಯಾವುದೋ ಒಂದು ಸಿನಿಮಾದ ಕ್ಯಾಸೆಟ್ಟನ್ನು ಮುಗಿದಂತೆಲ್ಲ ತಿರುಗಿಸಿ ಹಾಕುತ್ತಿದ್ದಳು. ಒಂದು ದಿನ ಕ್ಯಾಸೆಟ್ಟಿನ ಟೇಪು ಸಿಕ್ಕುಗಟ್ಟಿತು. “ರೈಟ್ರೇ, ಇದನ್ನ ಸರಿ ಮಾಡೋಕೆ ಬರ್ತದಾ ನಿಮಗೆ?” ಎಂದು ತಂದುಕೊಟ್ಟಳು. ನಾನು ಪೆನ್ಸಿಲ್ ತೂರಿಸಿ ನಿಧಾನವಾಗಿ ಸುತ್ತಿ ಸರಿ ಮಾಡಿದೆ. ಅದು ಮತ್ತೆ ಸಿಕ್ಕುಗಟ್ಟಿತು. ಮತ್ತೆ ಸುತ್ತಿದೆ. ಒಂದು ಟೇಪು ಇಷ್ಟೊಂದು ಸಲ ತಾನಾಗಿಯೇ ಸಿಕ್ಕುಗಟ್ಟುವುದಿಲ್ಲ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ಆಗಿನ ನನ್ನ ಚಿಂತೆಯೆಲ್ಲ ಪೆನ್ಸಿಲ್ ಸವೆದುಹೋಗುತ್ತಿದೆ ಎಂಬುದಾಗಿತ್ತು.

ಒಮ್ಮೆ ಕ್ಯಾಸೆಟ್ ವಾಪಸು ಕೊಡುವಾಗ ಧೈರ್ಯ ಮಾಡಿ ಕೇಳಿದೆ, “ಈ ಹಾಡಿನ ಅರ್ಥ ಏನು?”

“ನಿನ್ನ ಬಿಟ್ಟು ಇರೋಕಾಗಲ್ಲ ಅಂತ” ಎಂದಳು, ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಯ ಕಡೆ ನೋಡುತ್ತಾ.

“ಯಾರಿಗೆ ಆಗಲ್ವಂತೆ?” ಎಂದೆ ನಾನು.

ಅವಳು ಇವತ್ತಿಗೂ ಈ ಮಾತನ್ನು ನೆಂಟರ ಮನೆಗಳಲ್ಲಿ ಹೇಳಿ ನಗಿಸುತ್ತಾಳೆ.

ಹಾಸ್ಟೆಲಿನ ಗೆಳತಿಯರಿಂದ ಕೇಳಿದ್ದ ಆ ಸಿನಿಮಾದ ಕಥೆಯನ್ನೂ ಅವಳೇ ಆಗ ಹೇಳಿದ್ದು. ಹುಡುಗಿ ಮಿಲ್ ಮಾಲೀಕನ ಮಗಳು. ಹುಡುಗ ಅವರ ಮನೆಗೆ ಪಿಯಾನೋ ರಿಪೇರಿಗೆ ಬರುವವನು. ಅಪ್ಪನಿಗೆ ಗೊತ್ತಾಗುತ್ತದೆ, ಕೂಗಾಡುತ್ತಾನೆ, ನಾಯಿ ಬಿಡಿಸುತ್ತಾನೆ, ಗೂಂಡಾಗಳನ್ನು ಕಳಿಸುತ್ತಾನೆ. ಇಷ್ಟರ ನಡುವೆಯೂ ಇಬ್ಬರಿಗೂ ಹಾಡಲು ಸಮಯ ಸಿಗುತ್ತದೆ. ಇದನ್ನು ಕೇಳಿದ ಮೇಲೆ ನನಗೆ ಬಂಗಲೆಯ ನಾಯಿಯನ್ನು ಕಂಡರೂ ಬೆವರುತ್ತಿತ್ತು. ಅದಾದರೋ ಹಲ್ಲಿಲ್ಲದ ಮುದಿ ನಾಯಿ, ನಾನು ಹೋದರೆ ಬಾಲ ಅಲ್ಲಾಡಿಸುತ್ತಿತ್ತು. ಯಾರಾದರೂ ಹೇಳಿಕೊಟ್ಟಿರಬಹುದೆಂದು ಅದಕ್ಕೂ ಹೆದರಿದೆ.

ನಮ್ಮಲ್ಲಿ ಯಾರೂ ಕೂಗಾಡಲಿಲ್ಲ. ವಸುಧಾ ತಾಯಿಗೆ ಹೇಳಿದಳು, ತಾಯಿ ತಂದೆಗೆ ಹೇಳಿದರು. ಅವರು ಆ ವರ್ಷದ ಕೊಯ್ಲು ಮುಗಿಯುವವರೆಗೂ ಏನೂ ಮಾತಾಡಲಿಲ್ಲ. ನಾನು ದಿನಾ ಸಂಜೆ ಹೋಗಿ ನಿಂತು ಹಾಜರಿ ಹೇಳಿ ಬರುತ್ತಿದ್ದೆ. ಕೊಯ್ಲು ಮುಗಿದ ಮೇಲೆ ಒಂದು ಸಂಜೆ ಎಂದಿನಂತೆ ಎಲ್ಲ ಒಪ್ಪಿಸಿ ಹೊರಡಬೇಕು, ಅವರು ಕೇಳಿದರು, “ಬೇರೇನಾದ್ರೂ ಹೇಳೋದು ಇತ್ತೇನಯ್ಯಾ?”

“ಇಲ್ಲ ಸಾರ್.”

“ಇದೆಯಂತಲ್ಲ.”

ಅವರು ತೋಟದ ಕಡೆ ನೋಡುತ್ತಾ, “ಆಗ್ಲಿ ಬಿಡಿ” ಎಂದರು. ಅಷ್ಟೇ. ಸಿನಿಮಾದವರಿಗೆ ಮೂರು ಗಂಟೆ, ಅಷ್ಟೊಂದು ಹಾಡು, ಒಂದು ಫೈಟು ಬೇಕಾದದ್ದು ನಮ್ಮ ವರಾಂಡದಲ್ಲಿ ಎರಡು ಪದದಲ್ಲಿ ಮುಗಿದುಹೋಯಿತು. ಜೊತೆಗೆ ‘ಏನಯ್ಯಾ’ ಎಂಬುದು ‘ಬಿಡಿ’ ಎಂಬಲ್ಲಿಗೆ ಬಂದಿತ್ತು. ಅವತ್ತಿನಿಂದ ನನಗೆ ಅವರ ಬಾಯಲ್ಲಿ ಬಹುವಚನ. ನಾನು ಅವರಿಗೆ ಎಷ್ಟು ಋಣಿ ಎಂದು ಹೇಳಲು ನನಗೆ ಬರುವುದಿಲ್ಲ. ರೈಟರ್ ಕೆಲಸ ಬಿಟ್ಟು ಅಂಗಡಿ ಹಾಕಿದಾಗ ಮೊದಲ ಗಿರಾಕಿಯಾಗಿ ಬಂದವರು ಅವರು. ನಮ್ಮ ಮಗಳು ಹುಟ್ಟುವ ದಿನ ಧೋ ಎಂದು ಸುರಿಯುವ ಮಳೆಯಲ್ಲಿ, ರಸ್ತೆಯಲ್ಲಿ ಬಿದ್ದ ಮರ ಕಡಿಸಿಕೊಂಡು ಮೂಡಿಗೆರೆಯ ಆಸ್ಪತ್ರೆಯವರೆಗೆ ತಾವೇ ಜೀಪು ಓಡಿಸಿದವರೂ ಅವರೇ. ಹಿಂದಿನ ಸೀಟಿನಲ್ಲಿ ನಾನು ವಸುಧಾಳ ಕೈ ಹಿಡಿದು ಅಳುತ್ತಿದ್ದೆ. ಅವಳೇ ನನ್ನನ್ನು ಸಮಾಧಾನ ಮಾಡುತ್ತಿದ್ದಳು.

ಆದರೆ ಒಂದು ಮಾತು ಮಾತ್ರ ಇಷ್ಟು ವರ್ಷವೂ ಬಂದಿರಲಿಲ್ಲ. ‘ಕೂತ್ಕೊಳ್ಳಿ’ ಎಂದು ಅವರು ನನಗೆ ಹೇಳಿರಲಿಲ್ಲ. ಹಬ್ಬಕ್ಕೆ ತವರಿಗೆ ಹೋದರೆ ಅವರು ಬೆತ್ತದ ಕುರ್ಚಿಯಲ್ಲಿ, ನಾನು ಹಳೆಯ ಜಾಗದಲ್ಲಿ, ಕಂಬದ ಪಕ್ಕ. ಸುಮ್ಮನೆ ನಿಲ್ಲಲಾರದೆ “ಗೋಣಿಬೀಡಲ್ಲಿ ನಿನ್ನೆ ಮುಕ್ಕಾಲು ಇಂಚು” ಎನ್ನುತ್ತೇನೆ. ಅವರು “ಹೌದಾ, ನಮ್ಮಲ್ಲಿ ಒಂದಾಯ್ತು ನೋಡಿ” ಎನ್ನುತ್ತಾರೆ. ಆಮೇಲೆ ಇಬ್ಬರೂ ಆಕಾಶ ನೋಡುತ್ತೇವೆ. ಅವರು ನಮ್ಮ ಮನೆಗೆ ಬಂದರೂ ಅಷ್ಟೇ; ನನ್ನ ಕುರ್ಚಿಯಲ್ಲಿ ಅವರು ಕೂರುತ್ತಾರೆ, ನಾನು ನನ್ನದೇ ಮನೆಯ ಬಾಗಿಲಿಗೆ ಒರಗಿ ಮಳೆ ವರದಿ ಕೊಡುತ್ತೇನೆ. ಮಾವ ಎಂದು ಕರೆಯಲು ನಾಲಿಗೆ ಹೊರಳದು, ಸಾರ್ ಎಂದರೆ ವಸುಧಾ ಕಣ್ಣು ಬಿಡುತ್ತಾಳೆ. ಹಾಗಾಗಿ ಅವರನ್ನು ಕರೆಯಬೇಕಾದಾಗಲೆಲ್ಲ ಕೆಮ್ಮುತ್ತೇನೆ. ನನಗೆ ದಮ್ಮು ಇದೆಯೆಂದು ಅತ್ತೆಯವರು ಬಹಳ ಕಾಲ ಕಷಾಯ ಕಳಿಸಿದರು.

ಹೀಗಿರುವಾಗ, ಚಿಕ್ಕಮಗಳೂರಿನ ಥಿಯೇಟರೊಂದರಲ್ಲಿ ಅದೇ ಹಳೆಯ ಸಿನಿಮಾವನ್ನು ಮತ್ತೆ ಹಾಕಿದ್ದಾರೆಂದು ವಸುಧಾ ಫೋನಿನಲ್ಲಿ ನೋಡಿದಳು. ಹಾಡು ಬಿಟ್ಟರೆ ಸಿನಿಮಾವನ್ನು ನಾವಿಬ್ಬರೂ ನೋಡಿದವರಲ್ಲ. ಅದು ಬಂದಿದ್ದಾಗ ತೋಟದ ಮಗಳು ತೋಟದ ರೈಟರ ಜೊತೆ ಥಿಯೇಟರಿಗೆ ಹೋಗುವಂತಿತ್ತೆ? “ಹೋಗೋಣ, ಅಪ್ಪನ್ನೂ ಕರ್ಕೊಂಡು” ಎಂದಳು.

“ಅಪ್ಪನ್ನ? ಆ ಸಿನಿಮಾಕ್ಕೆ? ನಿಂಗೆ ತಲೆ ಸರಿ ಇದ್ಯಾ?”

“ಇದೆ. ನೀವಿಬ್ರೂ ಒಟ್ಟಿಗೆ ಕೂತಿರೋದನ್ನ ನಾನು ಒಂದ್ಸಲ ನೋಡ್ಬೇಕು. ಮನೇಲಂತೂ ಈ ಜನ್ಮಕ್ಕೆ ಆಗಲ್ಲ. ಥಿಯೇಟರಲ್ಲಾದ್ರೆ ನಿಮಗೆ ನಿಲ್ಲೋಕಾಗಲ್ಲ.”

ಮುಂದಿನ ಭಾನುವಾರ ಬಾಳೂರಿಗೆ ಹೋಗಿ ವರಾಂಡದಲ್ಲಿ ಅವಳೇ ಪ್ರಸ್ತಾಪ ಮಾಡಿದಳು. ನಾನು ಕಂಬದ ಪಕ್ಕ ನಿಂತಿದ್ದೆ.

“ಎಂಥ ಕಥೆ ಅದು?” ಎಂದರು ಮಾವ.

“ಪ್ರೀತಿ ಕಥೆ ಅಪ್ಪಾ. ಶ್ರೀಮಂತರ ಹುಡುಗಿ, ಬಡವರ ಹುಡುಗ.”

“ಹುಡುಗ ಎಂಥ ಮಾಡ್ತಾನೆ?”

“ಪಿಯಾನೋ ರಿಪೇರಿ.”

“ಕಾಯಂ ಕೆಲಸವಾ?”

ನಾನು ಜೋರಾಗಿ ಕೆಮ್ಮಿದೆ. ಒಳಗಿನಿಂದ ಅತ್ತೆಯವರು, “ಅಳಿಯಂದ್ರಿಗೆ ಕಷಾಯ ತರ್ಲಾ?” ಎಂದರು.

ಅಂತೂ ಹೊರಟೆವು. ಮಂಡಿ ನೋಯುವ ಮಾವ ಬಂದರು, ಗಟ್ಟಿಮುಟ್ಟಾಗಿರುವ ಅತ್ತೆ ಮಾತ್ರ “ನಂಗೆ ಆ ಕತ್ತಲೆ ಆಗಲ್ಲಪ್ಪಾ” ಎಂದು ಉಳಿದರು. ಮುನ್ನೆಚ್ಚರಿಕೆಯಾಗಿ ನಾನು ಕೊಡೆ, ಶಾಲು, ಟಾರ್ಚು, ನೀರು, ಬಿಸಿ ಕಾಫಿಯ ಫ್ಲಾಸ್ಕು, ಮಂಡಿಗೆ ಹಚ್ಚುವ ಎಣ್ಣೆ ಎಲ್ಲ ಎತ್ತಿಕೊಂಡಿದ್ದೆ. ದಾರಿಯುದ್ದಕ್ಕೂ ಕಾಫಿ ಹೂ ಅರಳಿ ಗಾಳಿಯೆಲ್ಲ ಘಮಘಮ ಎನ್ನುತ್ತಿತ್ತು. ನಾನು ಟಯರಿನ ಸದ್ದು ಕೇಳಿಸಿಕೊಳ್ಳುತ್ತಿದ್ದೆ. ಥಿಯೇಟರಿನಲ್ಲಿ ವಸುಧಾ ಅಪ್ಪನನ್ನು ಮಧ್ಯೆ ಕೂರಿಸಿ, ತಾನು ಆ ಕಡೆ ಕೂತು, ನನಗೆ ದಾರಿಯ ಪಕ್ಕದ ಸೀಟು ತೋರಿಸಿದಳು. ಅಲ್ಲಿನ ಸೀಟುಗಳು ಎದ್ದರೆ ಹಿಂದಕ್ಕೆ ಮಡಚಿಕೊಳ್ಳುವಂಥವು. ನನ್ನ ಎರಡೂ ಕೈಯಲ್ಲಿ ಸಾಮಾನು, ಪಾಪ್‌ಕಾರ್ನ್ ಪೊಟ್ಟಣ ಬೇರೆ. ಅವಳೇ ಅಪ್ಪನ ಮುಂದಿನಿಂದ ಕೈ ಚಾಚಿ ನನ್ನ ಸೀಟನ್ನು ಒತ್ತಿ ಹಿಡಿದಳು. ದೀಪ ಆರಿದ ಮೇಲೆ, ಮಾವ ಪರದೆಯ ಕಡೆ ನೋಡುವಾಗ, ಅವರ ಪಕ್ಕದಲ್ಲಿ ಸದ್ದಾಗದಂತೆ ತುದಿಯಲ್ಲಿ ಕೂತೆ. ಅವರು ಹೇಳಿ ಕೂತಿದ್ದಲ್ಲ. ಕದ್ದು ಕೂತಿದ್ದು.

ಸಿನಿಮಾ ಶುರುವಾಯಿತು. ಕಿವಿ ಸ್ವಲ್ಪ ಮಂದವಾಗಿರುವುದರಿಂದ ಮಾವ ಪಿಸುಮಾತು ಎಂದುಕೊಂಡು ಆಡಿದ್ದು ಇಡೀ ಥಿಯೇಟರಿಗೆ ಕೇಳುತ್ತಿತ್ತು. ಮೊದಲ ಹಾಡಿನಲ್ಲಿ ನಾಯಕಿ ಹೂ ಬಿಟ್ಟ ಸೇಬಿನ ಗಿಡಗಳನ್ನು ಅಲ್ಲಾಡಿಸುತ್ತ ಓಡಿದಳು. “ಅಯ್ಯೋ, ಹೂವಿನ ಟೈಮಲ್ಲಿ ಗಿಡ ಅಲ್ಲಾಡಿಸ್ತಾ ಇದಾಳಲ್ಲ! ಯಾರ ತೋಟನೋ ಪಾಪ” ಎಂದರು. ನಾಲ್ಕಾರು ಜನ ನಕ್ಕರು. ಚಿಕ್ಕಮಗಳೂರಿನ ಥಿಯೇಟರಲ್ಲವೆ, ಅರ್ಧದಷ್ಟು ಪ್ಲಾಂಟರುಗಳೇ. ಮಿಲ್ ಮಾಲೀಕ ನಾಯಿ ಬಿಡಿಸಿದಾಗ, “ಇವನಿಗೆ ಬಿ.ಪಿ. ಇದೆ” ಎಂದರು. ಕಪಾಳಕ್ಕೆ ಬಾರಿಸುವ ದೃಶ್ಯವೂ ಬಂತು. ಮಾವ ತಲೆದೂಗಲಿಲ್ಲ. “ಥೂ” ಎಂದರು. ಆ ಒಂದು ಅಕ್ಷರಕ್ಕೆ ನನ್ನ ಕಣ್ಣು ಮಂಜಾಯಿತು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟೆ, ಪೂರ್ತಿ ಲೋಟದೊಳಗೇ ಬಿತ್ತು. ಅದೂ ಚೆಲ್ಲಲಿಲ್ಲ.

ಕೊನೆಯ ಹೊತ್ತಿಗೆ ಒಂದು ದೃಶ್ಯ ಬಂತು. ಮಾಲೀಕ ದೊಡ್ಡ ಕುರ್ಚಿಯಲ್ಲಿ ಕೂತಿದ್ದಾನೆ. ಹುಡುಗ ಎದುರಿಗೆ ನಿಂತಿದ್ದಾನೆ. ತುಂಬಾ ಹೊತ್ತು ನಿಂತೇ ಇದ್ದಾನೆ. ಮಾವ ಕೋಲು ಹುಡುಕಿಕೊಂಡು ಎದ್ದರು. ನಾನೂ ಎದ್ದು ದಾರಿ ಬಿಟ್ಟೆ. “ಬಾತ್‌ರೂಮಿಗೆ” ಎಂದು ಹೊರಟರು. ಜೊತೆಗೆ ಹೋಗಲು ನೋಡಿದೆ. ಕಣ್ಣೊರೆಸಿಕೊಳ್ಳುತ್ತಿದ್ದ ವಸುಧಾ, “ಅಪ್ಪ ಹೋಗಿ ಬರ್ತಾರೆ, ನೀವು ಕೂತ್ಕೊಳ್ಳಿ” ಎಂದು ನನ್ನ ಸೀಟನ್ನು ಒತ್ತಿ ಹಿಡಿದಳು. ಕೂತೆ. ನನಗೆ ಪರದೆ ಕಾಣಲಿಲ್ಲ. ಬೇಜಾರಾಗಿ ಎದ್ದುಹೋದರೇ? ಆ ಕುರ್ಚಿಯಲ್ಲಿ ಕೂತವನು ತಾವೇ ಎನ್ನಿಸಿತೇ? ಇಷ್ಟು ವರ್ಷ ಯಾರೂ ಎತ್ತದ ಮಾತನ್ನು ದುಡ್ಡು ಕೊಟ್ಟು ಟಿಕೆಟ್ ತೆಗೆಸಿ ಅವರೆದುರು ಎತ್ತಿದಂತಾಯಿತೇ?

ಬಾಗಿಲು ತೆರೆಯಿತು. ಬೆಳಕಿನಲ್ಲಿ ಕೋಲು ಹಿಡಿದ ಅವರ ಆಕೃತಿ ಕಂಡಿತು. ಕಂಡದ್ದೇ ತಡ, ನಾನು ಎದ್ದು ನಿಂತೆ. ಯೋಚಿಸಿ ನಿಂತದ್ದಲ್ಲ, ಕಾಲುಗಳು ತಾವಾಗಿಯೇ ಎದ್ದವು, ವರಾಂಡದಲ್ಲಿ ನಿಲ್ಲುತ್ತಿದ್ದಂತೆ. ಮಂಡಿನೋವಿನಿಂದ ಅವರು ಒಂದೊಂದೇ ಮೆಟ್ಟಿಲು ಇಳಿದು ಬರುತ್ತಿದ್ದಾರೆ. ಪರದೆಯ ಮೇಲೆ ಕೊನೆಯ ಹಾಡು ಶುರುವಾಗಿದೆ. ನನ್ನ ತಲೆ ಹಿಂದಿನವರಿಗೆ ಅಡ್ಡ.

“ಏಯ್, ಕೂತ್ಕೊಳ್ರೀ!” ಎಂದಿತು ಹಿಂದಿನ ಸಾಲು.

ಅವರು ಇನ್ನೂ ಕೂತಿಲ್ಲವಲ್ಲ, ನಾನು ಹೇಗೆ ಕೂರಲಿ?

“ಸ್ವಾಮೀ, ನೀವೇನು ಪಿಲ್ಲರಾ?”

“ರೀ, ಕೂತ್ಕೊಳ್ಳಿ ಅಂದ್ರೆ” ಎಂದು ವಸುಧಾ ಹಲ್ಲು ಕಚ್ಚಿದಳು. ನಾನು ಕದಲಲಿಲ್ಲ.

ಮಾವ ಹತ್ತಿರ ಬಂದರು. ನನ್ನನ್ನು ನೋಡಿದರು, ಕೂಗುತ್ತಿದ್ದ ಹಿಂದಿನ ಸಾಲನ್ನು ನೋಡಿದರು. ನನ್ನ ಹೆಗಲ ಮೇಲೆ ಕೈಯಿಟ್ಟು, ಎಂದಿನ ಪಿಸುದನಿಯಲ್ಲಿ, ಅಂದರೆ ಇಡೀ ಥಿಯೇಟರಿಗೆ ಕೇಳುವಂತೆ ಹೇಳಿದರು:

“ಕೂತ್ಕೊಳೋ ಮಾರಾಯಾ! ಮದುವೆ ಆದಾಗಿಂದ ನೋಡ್ತಾ ಇದೀನಿ, ನಿಂತೇ ಇದೀಯ. ನಿಂಗೆ ಏನೋ ಅವಸರ ಇರ್ತದೆ ಅಂತ ನಾನೂ ಸುಮ್ನಿದ್ದೆ!”

ಮಾರಾಯಾ. ಬಹುವಚನ ಹೋಗಿತ್ತು. ತಮ್ಮ ಜೊತೆ ಇಸ್ಪೀಟಾಡುವ ಗೆಳೆಯರನ್ನು ಬಿಟ್ಟರೆ ಇನ್ನಾರಿಗೂ ಅವರು ಆ ಮಾತು ಆಡಿದ್ದನ್ನು ನಾನು ಕೇಳಿಲ್ಲ. ಹಾಡು ಏನೋ ಹೇಳುತ್ತಿತ್ತು, ಬಹುಶಃ ನಿನ್ನ ಬಿಟ್ಟು ಇರೋಕಾಗಲ್ಲ ಅಂತಲೇ ಇರಬೇಕು. ಎದೆ ತುಂಬಿ ಬಂದು, “ಹೂಂ ಮಾವಾ” ಎಂದೆ. ಕೆಮ್ಮದೆ ಹೇಳಿದೆ. ಹೇಳಿ, ಜೀವಮಾನದಲ್ಲೇ ಮೊದಲ ಸಲ ಅವರೆದುರಿಗೆ, ತುದಿಯಲ್ಲಲ್ಲ, ಪೂರ್ತಿ ಭಾರ ಬಿಟ್ಟು, ನೆಮ್ಮದಿಯಾಗಿ ಕೂತೆ.

ನೆಲದ ಮೇಲೆ ಕೂತಿದ್ದೆ. ಕೈಯಲ್ಲಿದ್ದ ಪಾಪ್‌ಕಾರ್ನ್ ನನ್ನ ಸುತ್ತ ಕಾಫಿ ಹೂವಿನಂತೆ ಉದುರಿತ್ತು. ವಸುಧಾ ಅಳುತ್ತಿದ್ದಾಳೋ ನಗುತ್ತಿದ್ದಾಳೋ ಕತ್ತಲಲ್ಲಿ ತಿಳಿಯಲಿಲ್ಲ. ಮಾವನಂತೂ ಕೋಲು ಊರಿಕೊಂಡು ಮೈಯೆಲ್ಲ ಕುಲುಕಿ ನಗುತ್ತ ನನ್ನ ಕಡೆ ಕೈ ಚಾಚಿದ್ದರು. ಆನೆಯಿಂದ ಹಲ್ಲುಸೆಟ್ಟಿನವರೆಗೆ ಎಲ್ಲವನ್ನೂ ಯೋಚಿಸಿದ್ದ ನಾನು ಇದೊಂದನ್ನು ಯೋಚಿಸಿರಲಿಲ್ಲ. ಎದ್ದಾಗ ಮಡಚಿಕೊಂಡ ಸೀಟನ್ನು ಕೂರುವ ಮೊದಲು ಕೈಯಿಂದ ಒತ್ತಿ ಹಿಡಿಯಬೇಕು ಎಂಬುದು, ಕೂತು ಅಭ್ಯಾಸವಿದ್ದವರಿಗೆ ಗೊತ್ತಿರುತ್ತದೆ.