ಲೋಟ ಬರಿದಾಗುವವರೆಗೆ

ನಮ್ಮ ವಾಯನಶಾಲೆಯ ಮಾಳಿಗೆಯಲ್ಲಿ ಭಾನುವಾರ ಮಧ್ಯಾಹ್ನ ಯಾರಾದರೂ ಒಬ್ಬರ ಹಾಡು ಬರುತ್ತದೆ, ಉಳಿದವರು ಅದರಲ್ಲಿ ತಪ್ಪು ಹುಡುಕುತ್ತಾರೆ, ಅಷ್ಟರೊಳಗೆ ನಗುವಂಥದ್ದು ಒಂದು ಆಗಿಯೇ ಆಗುತ್ತದೆ. ಕೆಲವನ್ನು ಇಲ್ಲಿ ಬರೆದಿದ್ದೇನೆ. ನಾನು ಗಣಿತದ ಟೀಚರ್. ಇದ್ದದ್ದಕ್ಕೆ ಇನ್ನಷ್ಟು ಸೇರಿಸಿ ಹೇಳುವ ಅಭ್ಯಾಸವಿಲ್ಲ.

೧. ಹಾಡು ಯಾರದೋ, ಲೋಟ ನನ್ನ ಕೈಯಲ್ಲಿ

ನಾನು ಅಲ್ಲಿಗೆ ಹೋದದ್ದು ಹಾಡಿಗಾಗಿ ಅಲ್ಲ. ನನ್ನ ಯಜಮಾನರು ತೀರಿಕೊಂಡ ಮೇಲೆ, ಅವರು ವಾಯನಶಾಲೆಯಿಂದ ತಂದಿದ್ದ ಪುಸ್ತಕವೊಂದು ಮನೆಯಲ್ಲೇ ಉಳಿದಿತ್ತು. ವಾಯನಶಾಲೆ ಎಂದರೆ ಗ್ರಂಥಾಲಯ. ಮಲಯಾಳದ ಮಾತು; ಗಡಿಯಾಚೆಯ ಬತ್ತೇರಿಯಲ್ಲಿ ನಾವು ಕನ್ನಡದವರೂ ಹಾಗೇ ಕರೆಯುತ್ತೇವೆ. ಒಂದು ಭಾನುವಾರ ಬಟ್ಟೆ ಒಗೆದು ಹರವಿ, ಪುಸ್ತಕ ಹಿಂದಿರುಗಿಸಲು ಹೋದೆ. ಕೆಳಗೆ ಯಾರೂ ಇರಲಿಲ್ಲ. ಮೇಲಿನಿಂದ ಹಾರ್ಮೋನಿಯಂ ಕೇಳಿಸುತ್ತಿತ್ತು. ಹತ್ತಿ ಹೋದೆ. ಗ್ರಂಥಪಾಲಕರು ಬಾಗಿಲ ಪಕ್ಕದ ಕುರ್ಚಿ ತೋರಿಸಿ, ಪುಸ್ತಕ ತೆಗೆದುಕೊಂಡು, ಒಂದು ಲೋಟ ಕಟ್ಟನ್ ಚಾಯ ಕೈಗಿಟ್ಟರು. ಹಾಲಿಲ್ಲದ ಕರೀ ಚಹಾ.

ಅಲ್ಲಿ ಸೇರುವವರು ಸ್ವಂತ ಹಾಡು ಕಟ್ಟುವವರು, ಅದಕ್ಕೊಂದು ಮುಖಚಿತ್ರ ಮಾಡಿಸಿ ವಾಟ್ಸಾಪಿಗೂ ಯೂಟ್ಯೂಬಿಗೂ ಹಾಕುವವರು ಎಂದು ಆಮೇಲೆ ತಿಳಿಯಿತು. ಅವರ ಪದ್ಧತಿ ಹೀಗೆ: ಹಾಡು ಯಾರದೆಂದು ಮೊದಲು ಹೇಳುವುದಿಲ್ಲ. ಗ್ರಂಥಪಾಲಕರೇ ಅದನ್ನು ಹಾಡಿ ಎಲ್ಲರ ಫೋನಿಗೆ ಕಳಿಸುತ್ತಾರೆ. ಭಾನುವಾರ ಯಾರ ಕೈಯಲ್ಲಿ ಚಾಯದ ಲೋಟ ಇದೆಯೋ ಹಾಡು ಅವರದು. ಲೋಟ ಬರಿದಾಗುವವರೆಗೆ ಅವರು ಬಾಯಿ ಬಿಡುವಂತಿಲ್ಲ, ಉಳಿದವರು ಎದ್ದು ಹೋಗುವಂತಿಲ್ಲ.

ಇದೊಂದೂ ನನಗೆ ಗೊತ್ತಿರಲಿಲ್ಲ. ಗ್ರಂಥಪಾಲಕರು ಪುಸ್ತಕ ಇಡಲು ಕೆಳಗಿಳಿದಿದ್ದರು. ಆಗ ಬೇಕರಿ ನಡೆಸುವ ಅಕ್ಕ ಬಂದು ಎದುರಿಗೆ ಕೂತು ನನ್ನ ಲೋಟ ನೋಡಿದರು.

"ಟೀಚರೇ, ಬೇಜಾರು ಮಾಡ್ಕೋಬೇಡಿ. ಇದು ಪ್ರೇಮಗೀತೆಯಾ? 'ಪ್ರಿಯೇ, ಬಾಗಿಲಲ್ಲಿ ನಿಲ್ಲಬೇಡ, ಒಳಗೆ ಸರಿ, ಹಿಂದೆ ಜಾಗವಿದೆ' ಅಂದರೆ ಯಾವ ಹುಡುಗಿ ಒಲೀತಾಳೆ?"

ಅವರ ಪಕ್ಕದಲ್ಲಿದ್ದವರು ಫ್ಲೆಕ್ಸ್ ಬೋರ್ಡ್ ಅಂಗಡಿಯವರು. "ಎರಡನೇ ಚರಣದಲ್ಲಿ 'ಚಿಲ್ಲರೆ ಕೈಯಲ್ಲಿ ಹಿಡಿದುಕೋ' ಅಂತಿದೆ. ಪ್ರೀತಿಗೆ ಚಿಲ್ಲರೆ ಯಾಕೆ ಟೀಚರೇ?"

ನಾನು ಸುಮ್ಮನೆ ಕುಡಿಯುತ್ತಿದ್ದೆ. ನನಗೆ ಮಾತು ಕಡಿಮೆ.

"ನಿಯಮ ಚೆನ್ನಾಗಿ ಪಾಲಿಸ್ತಾರೆ," ಎಂದು ಅಕ್ಕ ಮೆಚ್ಚಿ, ಇನ್ನೆರಡು ತಪ್ಪು ಹೇಳಿದರು.

ಅಷ್ಟರಲ್ಲಿ, ಫೋನ್ ಬಂತೆಂದು ಹೊರಗೆ ಹೋಗಿದ್ದ ಮೈಸೂರು ಬಸ್ಸಿನ ಕಂಡಕ್ಟರ್ ಮೆಟ್ಟಿಲ ಮೇಲೆ ಕಾಣಿಸಿಕೊಂಡರು. ಮಲಯಾಳಿ. ಕನ್ನಡ ಕಲಿತದ್ದು ಬಸ್ಸಿನಲ್ಲೇ. ಎಲ್ಲವನ್ನೂ ಕೇಳಿಸಿಕೊಂಡು ಹೇಳಿದರು:

"ಬೈದು ಆಯ್ತಾ? ಹಾಡು ನಂದು. ನನಗೆ ಬರೋ ಕನ್ನಡ ಅಷ್ಟೇ. ಟೀಚರ್ ಪಾಪ ಬಾಗಿಲಲ್ಲೇ ಕೂತಿದ್ದಾರೆ, ಅವರನ್ನ ಸ್ವಲ್ಪ ಒಳಗೆ ಸರಿಸಿ."

ಯಜಮಾನರು ಹೋದಂದಿನಿಂದ ನನ್ನೊಂದಿಗೆ ಎಲ್ಲರೂ ಮೆಲ್ಲಗೆ ಮಾತನಾಡುತ್ತಿದ್ದರು. ಶಾಲೆಯಲ್ಲಿ ನಾನು ಹಾಜರಿ ತಪ್ಪು ಹಾಕಿದರೂ "ಪರವಾಗಿಲ್ಲ ಟೀಚರೇ" ಎನ್ನುತ್ತಿದ್ದರು. ಆ ಭಾನುವಾರ ಇಬ್ಬರು ನನ್ನ ಮುಖಕ್ಕೆ ನೇರವಾಗಿ ತಪ್ಪು ಹೇಳಿದ್ದರು. ಮನೆಗೆ ಬಂದು ಹೊಟ್ಟೆತುಂಬ ಊಟ ಮಾಡಿದೆ.

ಇನ್ನೊಂದು ಕಾರಣವೂ ಇತ್ತು. ನನ್ನ ಯಜಮಾನರು ತರಕಾರಿ ವ್ಯಾಪಾರಿ. ಚೀಲದ ಬಾಯಿ ಕಟ್ಟುವಾಗ ಒಂದು ರಾಗ ಗುನುಗುತ್ತಿದ್ದರು. ಮಾತಿಲ್ಲ, ಬರೀ ರಾಗ. ಅದು ಈಗ ನನಗೊಬ್ಬಳಿಗೇ ಗೊತ್ತು, ನನ್ನ ಬಾಯಲ್ಲೂ ದಿನದಿನಕ್ಕೆ ಜಾರುತ್ತಿತ್ತು. ಮಾತು ಸೇರಿಸಿ ಹಾಡು ಮಾಡಿದರೆ ಉಳಿದೀತು ಅನ್ನಿಸಿತು. ಮುಂದಿನ ಭಾನುವಾರವೂ ಹೋದೆ.

೨. ಹತ್ತರಲ್ಲಿ ಆರೂವರೆ

ಬೇಕರಿ ಅಕ್ಕ ಒಂದು ಲಾಲಿಹಾಡು ಬರೆದರು. ಈ ಸಲ ನನ್ನ ಅಭಿಪ್ರಾಯ ಕೇಳಿದರು. ಅಭಿಪ್ರಾಯ ಹೇಳಲು ನನಗೆ ಒಂದೇ ದಾರಿ ಗೊತ್ತು. ಕೆಂಪು ಪೆನ್ನಿನಲ್ಲಿ ತಿದ್ದಿ, ಕೆಳಗೆ ಗೆರೆ ಎಳೆದು, ಹತ್ತಕ್ಕೆ ಆರೂವರೆ ಕೊಟ್ಟು ಸಹಿ ಹಾಕಿದೆ.

ಅಕ್ಕ ಶಾಲೆಯಲ್ಲಿ ಯಾವತ್ತೂ ಅಷ್ಟು ತೆಗೆದುಕೊಂಡವರಲ್ಲವಂತೆ. ಸಂಭ್ರಮದಿಂದ ಮಾರ್ಕಿನ ಭಾಗವನ್ನಷ್ಟೇ ಕತ್ತರಿಸಿ, ಚೌಕಟ್ಟು ಹಾಕಿಸಿ, ಬೇಕರಿಯ ಗಾಜಿನ ಕಪಾಟಿನ ಮೇಲೆ ನೇತುಹಾಕಿದರು. ಮುಂದಿನ ವಾರ ಮುಖ ಸಣ್ಣ ಮಾಡಿಕೊಂಡು ಶಾಲೆಗೇ ಬಂದರು.

"ಗಿರಾಕಿಗಳು ಅದನ್ನ ಯಾರೋ ಆಫೀಸರ್ ಬಂದು ಬೇಕರಿಗೆ ಕೊಟ್ಟ ಮಾರ್ಕು ಅಂದ್ಕೊಂಡಿದ್ದಾರೆ ಟೀಚರೇ. ಪಫ್ಸ್ ಯಾರೂ ಮುಟ್ಟುತ್ತಿಲ್ಲ."

"ಹಾಗಾದರೆ ತೆಗೆದುಬಿಡಿ."

"ತೆಗೆಯೋದಾ? ಜನ್ಮಕ್ಕೆ ಒಂದು ಸಲ ಸಿಕ್ಕಿದ ಮಾರ್ಕು. ಲಾಲಿ ಹಾಗೇ ಇರಲಿ, ನೀವು ಬಂದು ಪಫ್ಸಿಗೆ ಒಂಬತ್ತು ಕೊಟ್ಟು ಸಹಿ ಹಾಕಿ. ಪಕ್ಕದಲ್ಲೇ ಹಾಕ್ತೀನಿ."

ತಿಂದು ನೋಡಿ, ಎಂಟೂವರೆ ಕೊಟ್ಟೆ. ಕರಿಬೇವು ಸ್ವಲ್ಪ ಹೆಚ್ಚಾಗಿತ್ತು.

೩. ದೀಪ ಬೇಡ

ಎಲ್ಲರ ಮುಖಚಿತ್ರ ಮಾಡುವವರು ಫ್ಲೆಕ್ಸ್ ಅಂಗಡಿಯವರು. ನಮ್ಮ ಕಡೆ ಯಾರೇ ತೀರಿಕೊಂಡರೂ ಬೆಳಗಾಗುವುದರೊಳಗೆ ರಸ್ತೆಬದಿಯಲ್ಲಿ ಶ್ರದ್ಧಾಂಜಲಿಯ ಬೋರ್ಡ್ ನಿಲ್ಲುತ್ತದೆ. ಹೆಚ್ಚಿನವು ಅವರ ಅಂಗಡಿಯವೇ. ಇಪ್ಪತ್ತು ವರ್ಷ ಅದನ್ನೇ ಮಾಡಿ ಕೈ ಅದಕ್ಕೇ ಹೊಂದಿಕೊಂಡುಬಿಟ್ಟಿದೆ.

ಕಂಡಕ್ಟರ ಪ್ರೇಮಗೀತೆಗೆ ಅವರು ಮಾಡಿದ ಚಿತ್ರ: ನಡುವೆ ಗುಂಡಗೆ ಕಂಡಕ್ಟರ ನಗುಮುಖ, ಸುತ್ತ ಬಿಳಿ ಹೂವು, ಕೆಳಗೊಂದು ಉರಿಯುವ ದೀಪ, ಅದರ ಕೆಳಗೆ ಹಾಡಿನ ಹೆಸರು, 'ನೀ ಎಲ್ಲಿ ಹೋದೆ'.

ಬೆಳಿಗ್ಗೆ ಅದು ವಾಟ್ಸಾಪ್ ಗುಂಪಿಗೆ ಬಂತು. ಅಲ್ಲಿಂದ ಎಲ್ಲೆಲ್ಲಿಗೆ ಹೋಯಿತೋ, ಮಧ್ಯಾಹ್ನದ ಹೊತ್ತಿಗೆ ಪುಲ್ಪಳ್ಳಿಯಿಂದ ಎರಡು ಜೀಪಿನಲ್ಲಿ ನೆಂಟರು ಬಂದಿಳಿದರು. ರಜೆಯಲ್ಲಿ ಮಲಗಿದ್ದ ಕಂಡಕ್ಟರೇ ಹೋಗಿ ಬಾಗಿಲು ತೆಗೆದರು. ಮುಂದಿದ್ದ ಅತ್ತೆ ನಿಂತಲ್ಲೇ ಕೂತುಬಿಟ್ಟರಂತೆ.

ಭಾನುವಾರ ಲೋಟ ಫ್ಲೆಕ್ಸ್‌ನವರ ಕೈಗೆ ಹೋಯಿತು. ಚಿತ್ರಕ್ಕೂ ಅದೇ ನಿಯಮ. "ದೀಪ ತೆಗೀರಿ," "ಹೂವು ತೆಗೀರಿ," "ಫೋಟೋ ಚೌಕ ಮಾಡಿ" ಎಂದು ಎಲ್ಲರೂ ಹೇಳಿದರು. ಅವರು ಗುಟುಕು ಗುಟುಕಾಗಿ ಕುಡಿದು, ಲೋಟ ಬೋರಲು ಹಾಕಿ, ನೊಂದ ದನಿಯಲ್ಲಿ ಉತ್ತರ ಕೊಟ್ಟರು.

"ಇಷ್ಟು ವರ್ಷದಲ್ಲಿ ನನ್ನ ಬೋರ್ಡ್ ಬಗ್ಗೆ ಅದರಲ್ಲಿದ್ದ ಮನುಷ್ಯರು ದೂರು ಹೇಳಿದ್ದು ಇದೇ ಮೊದಲು."

೪. ಹಂದಿಗಳ ಅಭಿಪ್ರಾಯ

ಕಂಡಕ್ಟರ್ ಎದೆಗುಂದಲಿಲ್ಲ. ಹಾಡನ್ನು ತಿದ್ದಿದರು. ಗುಜರಿಗೆ ಹೋದ ಬಸ್ಸಿನ ಬೆಲ್ಲನ್ನು ಹಗ್ಗದ ಸಮೇತ ತಂದು ವಾಯನಶಾಲೆಯ ತೊಲೆಗೆ ಕಟ್ಟಿ, ಪ್ರತಿ ಸಾಲಿನ ಕೊನೆಗೆ ಎಳೆದರು. ಒಂದು ಬೆಲ್ ಅಂದರೆ ನಿಲ್ಲು, ಎರಡು ಬೆಲ್ ಅಂದರೆ ಹೊರಡು. ಹುಡುಗಿ ಬಂದಾಗ ಒಂದು, ಹೋದಾಗ ಎರಡು. ಕೇಳಿ ನಮಗೆಲ್ಲ ತಲೆನೋವು ಬಂತು. ಹಾಗೆಂದು ಹೇಳಿಯೂ ಹೇಳಿದೆವು.

ಬೇಕರಿ ಅಕ್ಕನ ಗಂಡನಿಗೆ ಕಾಡಿನ ಅಂಚಿನಲ್ಲಿ ಮರಗೆಣಸಿನ ತೋಟ. ಹಂದಿ ಕಾಟ. ಹೆಂಡತಿಯ ಫೋನಿನಲ್ಲಿದ್ದ ಈ ಹಾಡನ್ನು ಅವರು ಸ್ಪೀಕರಿಗೆ ಹಾಕಿ ತೋಟದಲ್ಲಿಟ್ಟರು. ವಾರವಿಡೀ ಒಂದು ಹಂದಿಯೂ ಇಣುಕಲಿಲ್ಲ. ಭಾನುವಾರ ಅವರೇ ಒಂದು ಹೊರೆ ಗೆಣಸು ಹೊತ್ತು ಮಾಳಿಗೆ ಹತ್ತಿ ಬಂದರು.

"ಹಾಡು ಬಹಳ ಚೆನ್ನಾಗಿದೆ," ಎಂದರು ಕಂಡಕ್ಟರಿಗೆ. "ಒಂದೇ ಕೊರತೆ. ಇನ್ನೂ ಸ್ವಲ್ಪ ಉದ್ದ ಇರಬೇಕಿತ್ತು. ಮುಗಿದ ತಕ್ಷಣ ಬರ್ತವೆ."

ಕಂಡಕ್ಟರ್ ನಮ್ಮೆಲ್ಲರ ಕಡೆ ಗೆದ್ದವರಂತೆ ನೋಡಿದರು. ಇಷ್ಟು ದಿನದಲ್ಲಿ ಅವರ ಹಾಡು ಉದ್ದವಾಗಲಿ ಎಂದವರು ಅಕ್ಕನ ಗಂಡ ಒಬ್ಬರೇ.

೫. ತಣ್ಣಗಾದ ಚಾಯ

ಕೊನೆಗೆ ನನ್ನ ಹಾಡು ಸಿದ್ಧವಾಯಿತು. ರಾಗವನ್ನು ಗುನುಗಿ ತೋರಿಸಿದೆ, ಗ್ರಂಥಪಾಲಕರು ಹಾರ್ಮೋನಿಯಂನಲ್ಲಿ ಹಿಡಿದರು. ಮಾತು ನನ್ನವು. ನನ್ನ ಯಜಮಾನರು ಬೆಳಗಿನ ನಕ್ಷತ್ರದಂತೆ, ಆಲದ ನೆರಳಿನಂತೆ, ಕಬಿನಿಯ ನೀರಿನಂತೆ ಇದ್ದರು ಎಂದು ಬರೆದಿದ್ದೆ. ಲೋಟ ಕೈಗೆ ಬಂತು.

"ನಲ್ಲ ಪಾಟ್ಟ್ ಟೀಚರೇ," ಎಂದರು ಕಂಡಕ್ಟರ್. ಒಳ್ಳೆಯ ಹಾಡು ಎಂದರ್ಥ.

"ನಲ್ಲ ಪಾಟ್ಟ್," ಎಂದರು ಫ್ಲೆಕ್ಸ್‌ನವರು.

"ಕಣ್ಣಲ್ಲಿ ನೀರು ಬಂತು," ಎಂದರು ಅಕ್ಕ. ಬಂದಿರಲಿಲ್ಲ.

ಮಕ್ಕಳು ಮನೆಗೆಲಸ ಮಾಡದೆ ಬಂದಾಗಿನ ಮುಖ ನನಗೆ ಚೆನ್ನಾಗಿ ಗೊತ್ತು. ಮೂವರದೂ ಹಾಗಿತ್ತು. ಹೀಗೇ ಬಿಟ್ಟರೆ ಈ ಹಾಡನ್ನು ಎರಡನೇ ಸಲ ಯಾರೂ ಹಾಡುವುದಿಲ್ಲ, ರಾಗವೂ ಅದರ ಜೊತೆಗೇ ಹೋಗುತ್ತದೆ. ಬಾಯಿ ಬಿಡುವಂತಿರಲಿಲ್ಲ. ಹಾಗಾಗಿ ಚಾಯ ಕುಡಿಯಲಿಲ್ಲ. ತುಂಬಿದ ಲೋಟ ಹಿಡಿದು ಕೂತೆ.

ಸ್ವಲ್ಪ ಹೊತ್ತು ಯಾರಿಗೂ ತಿಳಿಯಲಿಲ್ಲ. ಆಮೇಲೆ ಅಕ್ಕ, "ಕುಡೀರಿ ಟೀಚರೇ, ಆರುತ್ತೆ," ಎಂದರು. ನಾನು ತಲೆ ಅಲ್ಲಾಡಿಸಿದೆ. ಲೋಟ ಬರಿದಾಗದೆ ಯಾರೂ ಏಳುವಂತಿಲ್ಲ. ಕಂಡಕ್ಟರಿಗೆ ಸಂಜೆಯ ಟ್ರಿಪ್ ಇತ್ತು. ಅಕ್ಕನ ಓವನ್ ಉರಿಯುತ್ತಿತ್ತು. ಗ್ರಂಥಪಾಲಕರು ಕೀಲಿಗೊಂಚಲು ಹಿಡಿದು ನಿಂತಿದ್ದರು. ಚಾಯದ ಮೇಲೆ ಒಂದು ಇರುವೆ ತೇಲತೊಡಗಿತು.

"ಟೀಚರ್ ಬಿಡೋದಿಲ್ಲ," ಎಂದರು ಫ್ಲೆಕ್ಸ್‌ನವರು. "ಯಾರಾದರೂ ಹೇಳಿಬಿಡಿ."

ಕಂಡಕ್ಟರ್ ಗಡಿಯಾರ ನೋಡಿದರು, ಲೋಟ ನೋಡಿದರು. ಕೈಮುಗಿದು ಶುರು ಮಾಡಿದರು.

"ಟೀಚರೇ, ಈ ಹಾಡಲ್ಲಿ ಇರೋದು ಯಾರು? ನಮ್ಮ ತರಕಾರಿ ಸೇಟು ಅಲ್ಲ. ಬೆಳಗಿನ ನಕ್ಷತ್ರವಂತೆ. ಬೆಳಿಗ್ಗೆ ಗುಂಡ್ಲುಪೇಟೆ ಮಾರ್ಕೆಟ್ಟಿಗೆ ನನ್ನ ಬಸ್ಸಲ್ಲೇ ಬರ್ತಿದ್ದರು. ಮುತ್ತಂಗ ಕಾಡು ದಾಟೋ ಮೊದಲೇ ಗೊರಕೆ. ಇಳಿಯೋ ಜಾಗ ಬಂದರೆ ಕಿವಿ ಪಕ್ಕದಲ್ಲೇ ಬೆಲ್ ಎಳೀಬೇಕು. ಎದ್ದವರು ಏನು ಹೇಳ್ತಿದ್ದರು ಗೊತ್ತಾ? 'ಎಚ್ಚರವಾಗೇ ಇದ್ದೆ.'"

ಅಕ್ಕ ಬಾಯಿಗೆ ಸೆರಗು ಹಿಡಿದರು. ಮನೆಯಲ್ಲೂ ನನ್ನ ಯಜಮಾನರು ಅದನ್ನೇ ಹೇಳುತ್ತಿದ್ದರು.

"ಒಂದು ದಿನ ಕಾಡಿನ ನಡುವೆ ಆನೆ ಅಡ್ಡ ನಿಂತಿತು," ಕಂಡಕ್ಟರ್ ಈಗ ನಿಲ್ಲುವ ಹಾಗಿರಲಿಲ್ಲ. "ಡ್ರೈವರ್ ಇಂಜಿನ್ ಆಫ್ ಮಾಡಿದ. ಒಬ್ಬರೂ ಉಸಿರಾಡಲಿಲ್ಲ. ಬಸ್ಸಿನಲ್ಲಿ ಇವರ ಗೊರಕೆ ಒಂದೇ. ಆನೆ ಕಿವಿ ಅಗಲಿಸಿ ಸ್ವಲ್ಪ ಹೊತ್ತು ಕೇಳಿತು. ಆಮೇಲೆ ಅದೇ ದಾರಿ ಬಿಟ್ಟು ಹೋಯಿತು. ಎಬ್ಬಿಸಿ ಹೇಳಿದರೆ, 'ನೋಡಿದೆ, ಎಚ್ಚರವಾಗೇ ಇದ್ದೆ' ಅಂದರು."

ಆ ಆನೆಯ ಕಥೆ ನನಗೆ ಗೊತ್ತಿತ್ತು. ಆ ದಿನ ಊಟಕ್ಕೆ ಕೂತಾಗ ಯಜಮಾನರೇ ಹೇಳಿದ್ದರು. ದಂತ ಎಷ್ಟು ಉದ್ದ ಎಂದು ಎರಡೂ ಕೈ ಚಾಚಿ ತೋರಿಸಿದ್ದರು. ನನಗೆ ತಡೆಯಲಾಗಲಿಲ್ಲ. ಲೋಟ ಹಿಡಿದೇ, ನಿಯಮ ಮುರಿದು, "ದಂತ?" ಎಂದು ಕೈ ಚಾಚಿ ಕೇಳಿದೆ.

ಕಂಡಕ್ಟರ್ ಸಂಕೋಚದಿಂದ ಹೇಳಿದರು. "ಟೀಚರೇ, ಅದು ಹೆಣ್ಣಾನೆ."

ನಾನು ನಕ್ಕೆ. ಯಜಮಾನರು ಹೋದ ಮೇಲೆ ಮೊದಲ ಸಲ, ಚಾಯ ಸೀರೆಯ ಮೇಲೆ ಚೆಲ್ಲುವಷ್ಟು. ಉಳಿದದ್ದನ್ನು ಇರುವೆ ತೆಗೆದು ಒಂದೇ ಗುಟುಕಿಗೆ ಕುಡಿದೆ. ಕಂಡಕ್ಟರ್ ಮೆಟ್ಟಿಲಿಳಿದು ಟ್ರಿಪ್ಪಿಗೆ ಓಡಿದರು.

ನಕ್ಷತ್ರ, ಆಲ, ಕಬಿನಿ ಮೂರನ್ನೂ ಹೊಡೆದುಹಾಕಿದೆ. ಹೊಸ ಹಾಡಿನಲ್ಲಿ ಬಸ್ಸು ಬಂತು, ಗೊರಕೆ ಬಂತು, ಇಲ್ಲದ ದಂತ ಬಂತು. ಪ್ರತಿ ಚರಣದ ಕೊನೆಗೆ ಒಂದೇ ಪಲ್ಲವಿ: 'ಎಚ್ಚರವಾಗೇ ಇದ್ದೆ'. ಫ್ಲೆಕ್ಸ್‌ನವರು ದೀಪ, ಹೂವು ಯಾವುದೂ ಇಲ್ಲದೆ, ಬಸ್ಸಿನ ಕಿಟಕಿಗೆ ತಲೆಯಿಟ್ಟು ಮಲಗಿದ ಮನುಷ್ಯನ ಚಿತ್ರ ಮಾಡಿದರು. ಯಜಮಾನರು ಕೂರುತ್ತಿದ್ದುದು ಎಡಗಡೆ ಎಂದೆ. ಮಾತಿಲ್ಲದೆ ಲೋಟ ಮುಗಿಸಿ ಬದಲಾಯಿಸಿದರು.

ವಾಯನಶಾಲೆಯ ವಾರ್ಷಿಕೋತ್ಸವದಲ್ಲಿ ಅದನ್ನು ಹಾಡಿದೆವು. ತೊಲೆಯಿಂದ ಬಿಚ್ಚಿ ತಂದ ಬೆಲ್ ಕಂಡಕ್ಟರ ಕೈಯಲ್ಲಿತ್ತು. ಎರಡನೇ ಚರಣಕ್ಕೆ ಸಭೆ ಪಲ್ಲವಿ ಹಿಡಿಯಿತು. ಮೂರನೆಯದಕ್ಕೆ, ಕನ್ನಡ ಬಾರದವರೂ ಹಿಡಿದರು. ಆನೆಯ ಚರಣವನ್ನು ಮತ್ತೊಮ್ಮೆ ಹಾಡಿಸಿದರು. ವೇದಿಕೆಯ ನಡುವೆ ಅಧ್ಯಕ್ಷರು ಇಷ್ಟೆಲ್ಲದರ ನಡುವೆಯೂ ಎದೆಗೆ ಗಲ್ಲ ತಾಗಿಸಿ ನಿದ್ದೆ ಹೋಗಿದ್ದರು. ಅವರ ಭಾಷಣದ ಸರದಿ ಬಂತು. ಕಂಡಕ್ಟರ್ ಮೆಲ್ಲಗೆ ಅವರ ಕುರ್ಚಿಯ ಹಿಂದೆ ಹೋಗಿ, ಕಿವಿ ಪಕ್ಕದಲ್ಲೇ ಒಂದು ಬೆಲ್ ಎಳೆದರು.

ಅಧ್ಯಕ್ಷರು ದಡಬಡನೆ ಎದ್ದು, ಮೈಕ್ ಹಿಡಿದು, ಅಚ್ಚ ಮಲಯಾಳದಲ್ಲಿ, ತಾವು ಎಚ್ಚರವಾಗೇ ಇದ್ದೆವೆಂದು ಹೇಳಿದರು. ಆಮೇಲೆ ಅವರ ಭಾಷಣ ಒಬ್ಬರಿಗೂ ಕೇಳಿಸಲಿಲ್ಲ.

ನಿನ್ನೆ ಬತ್ತೇರಿ ಬಸ್‌ಸ್ಟ್ಯಾಂಡಿನಲ್ಲಿ, ನನಗೆ ಪರಿಚಯವಿಲ್ಲದ ಒಬ್ಬರು ಚೀಲದ ಬಾಯಿ ಕಟ್ಟುತ್ತ ಆ ರಾಗ ಗುನುಗುತ್ತಿದ್ದರು.