ಮೆಟ್ಟಿಲ ತಿರುವಿನ ಹಸಿರು ದೀಪ

ತಾಳ್ಮೆಯನ್ನೇ ಆಭರಣವಾಗಿ ಧರಿಸಿರುವ ವಾಚಕ ಮಹಾಶಯರ ಸನ್ನಿಧಿಯಲ್ಲಿ ಈ ಅಲೆಮಾರಿಯು ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ: ಮುಂದಿನ ವೃತ್ತಾಂತದಲ್ಲಿ ಕೊಲೆಯಿಲ್ಲ, ಗುಪ್ತನಿಧಿಯಿಲ್ಲ, ಮುಸುಕುಧಾರಿಯೂ ಇಲ್ಲ. ಇರುವುದು ಸೋಪಿನ ಡಬ್ಬಿಯಷ್ಟು ದೊಡ್ಡ ಮೂರು ಬಿಳಿಯ ವೈಫೈ ಪೆಟ್ಟಿಗೆಗಳು, ಮತ್ತು ಒಬ್ಬ ಸಜ್ಜನನ ನೆಮ್ಮದಿ.

ಆ ಸಜ್ಜನ ಬಸ್ ಕಂಪನಿಯೊಂದರಲ್ಲಿ ವೇಳಾಪಟ್ಟಿ ಬರೆಯುವ ಗುಮಾಸ್ತ. ಕೆಲಸ ಅವನಿಗೆ ಇಷ್ಟ, ಕುರ್ಚಿ ಇಷ್ಟವಿಲ್ಲ. ಏಕೆಂದರೆ ಅದು ಮ್ಯಾನೇಜರರ ಕುರ್ಚಿಯ ಪಕ್ಕದಲ್ಲಿತ್ತು. ಹನ್ನೊಂದು ತಿಂಗಳ ಹಿಂದೆ ಮ್ಯಾನೇಜರರ ಪಿತ್ತಕೋಶದಿಂದ ಕಲ್ಲೊಂದನ್ನು ತೆಗೆದಿದ್ದರು. ಆ ಕಲ್ಲನ್ನು ಅವರು ಪುಟ್ಟ ಶೀಶೆಯಲ್ಲಿ ಹಾಕಿ ಮೇಜಿನ ಮೇಲಿಟ್ಟುಕೊಂಡು, ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಅದರ ಕತೆ ಹೇಳುತ್ತಿದ್ದರು. ಒಂದು ಗಂಟೆಯ ಶಸ್ತ್ರಚಿಕಿತ್ಸೆ ಹೇಳಿ ಹೇಳಿ ಆರು ಗಂಟೆಗೆ ಬೆಳೆದಿತ್ತು.

ಅಂದು ಬೆಳಗ್ಗೆ ಮ್ಯಾನೇಜರರು ಫೋನ್ ಮಾಡಿದರು. "ಮನೆಯಿಂದಲೇ ಕೆಲಸ ಮಾಡ್ತೀನಿ ಅಂತ ಅರ್ಜಿ ಕೊಟ್ಟಿದ್ದೀಯಲ್ಲ? ಮೂರು ಗಂಟೆಗೆ ವಿಡಿಯೊದಲ್ಲಿ ಸಿಗು. ಅರ್ಧ ಗಂಟೆ ಒಂದ್ಸಲಾನೂ ಕಡೀದೆ ನಡೆದ್ರೆ ಮಂಜೂರು. ಒಂದೇ ಒಂದ್ಸಲ ಕಡಿದ್ರೂ ನಾಳೆ ಎಂಟಕ್ಕೆ ನನ್ನ ಪಕ್ಕ."

ಗುಮಾಸ್ತನ ಮನೆಯ ವೈಫೈ ಮೂರು ವಾರದಿಂದ ಹೋಗಿ ಬಂದು ಮಾಡುತ್ತಿತ್ತು. ತಾಯಿ ಪೆಟ್ಟಿಗೆ ಹಜಾರದಲ್ಲಿ, ಎರಡನೆಯದು ಮೆಟ್ಟಿಲ ತಿರುವಿನ ಗೋಡೆಗೂಡಿನಲ್ಲಿ, ಮೂರನೆಯದು ಅವನು ಕೂರುವ ಹಿಂದಿನ ಕೋಣೆಯಲ್ಲಿ. ಮೂರೂ ಕೈಕೈ ಹಿಡಿದು ನಿಂತರೆ ಮಾತ್ರ ಹಿಂದಿನ ಕೋಣೆಗೆ ಇಂಟರ್ನೆಟ್ ಮುಟ್ಟುತ್ತಿತ್ತು.

ಪರೀಕ್ಷೆಗೆಂದು ಅವನು ಹಿಂದಿನ ಕೋಣೆಯಿಂದ ಅಡುಗೆಮನೆಯಲ್ಲಿದ್ದ ಹೆಂಡತಿಗೆ ವಿಡಿಯೊ ಕರೆ ಮಾಡಿದ. ಐದು ನಿಮಿಷ ಚೆನ್ನಾಗಿಯೇ ನಡೆಯಿತು. ಅಷ್ಟರಲ್ಲಿ ಮೇಲಿನ ಕೋಣೆಯ ಬಾಡಿಗೆದಾರ ಮೆಟ್ಟಿಲಿಳಿದು ಬಂದ. ಅವನ ತಗಡಿನ ಟ್ರಂಕು ಮೇಲಿನ ಬಾಗಿಲಲ್ಲಿ ತೂರದೆ ತಿರುವಿನಲ್ಲೇ ಉಳಿದಿತ್ತು. ಅದರಿಂದ ಒಂದು ಪತ್ತೇದಾರಿ ಕಾದಂಬರಿ ಆರಿಸುತ್ತ ಅವನು ನಿಂತಿದ್ದಾಗ, ಕೋಣೆಯಿಂದ ಕೂಗು ಕೇಳಿಸಿತು.

"ಹೋಯ್ತು! ಲೇ, ನೀನು ಬಾಯಿ ತೆರೆದುಕೊಂಡೇ ನಿಂತುಬಿಟ್ಟೆ!"

"ನಿಮ್ಮನ್ನ ಕಟ್ಕೊಂಡಾಗಿನಿಂದ ಹಾಗೇ ನಿಂತಿದೀನಿ," ಎಂದಳು ಹೆಂಡತಿ.

ಕೂಗು ಪಕ್ಕದ ಮನೆಗೂ ಮುಟ್ಟಿತು. ಅಲ್ಲಿದ್ದವರು ನಿವೃತ್ತ ಲೈನ್‌ಮನ್. ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದೇ ಬಂದರು.

"ನಲವತ್ತು ವರ್ಷ ಕಂಬ ಹತ್ತಿದೋನು ನಾನು. ಸರೀರಿ ಅತ್ಲಾಗೆ."

"ಇದಕ್ಕೆ ತಂತೀನೇ ಇಲ್ಲ ಮಾವ."

"ತಂತಿ ಇಲ್ದಿದ್ರೆ ಇನ್ನೂ ಸಲೀಸು. ಕಡಿಯೋಕೆ ಏನಿದೆ ಅಲ್ಲಿ?"

ಅವರ ಹಿಂದೆಯೇ ಎದುರು ಮನೆಯ ಟೈಲರಮ್ಮ, ಕೊರಳಲ್ಲಿ ಅಳತೆಯ ಟೇಪು ಜೋಲಿಸಿಕೊಂಡು. "ನೀರು ಸಿಗ್ನಲ್ ಕುಡಿಯುತ್ತಂತೆ ಕಣಪ್ಪ. ಆ ಮೀನಿನ ತೊಟ್ಟಿ ಎತ್ತಿಸು ಮೊದ್ಲು."

ತೊಟ್ಟಿಯನ್ನು ಎತ್ತಿದರು. ಅರ್ಧ ನೀರು ಜಮಖಾನದ ಮೇಲೆ ಹರಿಯಿತು. ಮೀನುಗಳು ಬಕೆಟ್ಟಿನಲ್ಲಿ, ವರ್ಗಾವಣೆಯಾದ ನೌಕರರಂತೆ, ಮೂಲೆ ಹಿಡಿದು ನಿಂತವು. ಮತ್ತೆ ಕರೆ ಮಾಡಿದರು. ಸಂಪರ್ಕ ಕಾಲು ಗಂಟೆ ಗಟ್ಟಿಯಾಗಿ ನಿಂತಿತು. ಬಾಡಿಗೆದಾರ ಹಿಡಿಸದ ಕಾದಂಬರಿಯನ್ನು ಟ್ರಂಕಿನಲ್ಲಿ ಹಿಂದಿಟ್ಟು ಹೊಸದೊಂದನ್ನು ಹುಡುಕಲು ಬಂದ. ಸಂಪರ್ಕ ಹೋಯಿತು.

"ಅದೋ ಆ ಬೀರುವಿನ ಕನ್ನಡಿ!" ಎಂದರು ಲೈನ್‌ಮನ್. "ಬಂದ ಸಿಗ್ನಲ್ಲನ್ನೆಲ್ಲ ಅದು ಬಂದ ದಾರೀಲೇ ವಾಪಸ್ ಕಳಿಸ್ತಿದೆ. ತಳ್ರೀ ಆಚೆ!"

ಗುಮಾಸ್ತ ಹಿಂದಿನ ಕೋಣೆಯೊಳಗಿನಿಂದ ತಳ್ಳಿದ. ಲೈನ್‌ಮನ್, ಟೈಲರಮ್ಮ ಹೊರಗಿನಿಂದ ಎಳೆದರು. ಬೀರು ಬಾಗಿಲ ಚೌಕಟ್ಟಿನಲ್ಲಿ ಬಾಟಲಿಯ ಬಿರಡೆಯಂತೆ ಸಿಕ್ಕಿಕೊಂಡಿತು. ಅತ್ತ ಹೋಗಲೊಲ್ಲದು, ಇತ್ತ ಬರಲೊಲ್ಲದು.

"ಅಯ್ಯೋ, ನಾನು ಒಳಗಿದೀನಿ!"

"ಇರಪ್ಪ ಅಲ್ಲೇ," ಎಂದಳು ಟೈಲರಮ್ಮ. "ನಿನ್ನ ಮೀಟಿಂಗೂ ಅಲ್ಲೇ ತಾನೆ?"

ಮೂರಕ್ಕೆ ಐದು ನಿಮಿಷವಿತ್ತು. ಬಾಡಿಗೆದಾರ ಮತ್ತೆ ಟ್ರಂಕಿನ ಕಡೆ ಬರುವುದನ್ನು ಕಂಡು ಗುಮಾಸ್ತನ ಹೆಂಡತಿ ತಡೆದಳು.

"ಅಣ್ಣಾ, ಒಂದು ಉಪಕಾರ ಮಾಡಿ. ಆಗಲೇ ತಗೊಂಡಿದ್ದನ್ನ ಇಲ್ಲೇ ಕೂತು ಓದ್ಕೊಳ್ಳಿ. ಈ ಗೂಡಿನ ದೀಪ ಹಸಿರಾಗಿದ್ರೆ ಸುಮ್ನಿರಿ, ಕೆಂಪಾದ್ರೆ ಕೂಗಿ."

ಕೂರಲು ಬೇರೇನೂ ಇರಲಿಲ್ಲವಾಗಿ ಅವನು ಟ್ರಂಕಿನ ಮೇಲೆಯೇ ಕುಳಿತ. ಮೂರಾಯಿತು. ಮ್ಯಾನೇಜರರು ಕರೆದರು. ಕಲ್ಲಿನ ಕತೆ ಆರಂಭದಿಂದ ಅಂತ್ಯದವರೆಗೆ, ಒಂದಕ್ಷರವೂ ಲೋಪವಾಗದೆ ಗುಮಾಸ್ತನ ಕಿವಿ ತಲುಪಿತು. ಅವನು ಜೀವನದಲ್ಲೇ ಮೊದಲ ಬಾರಿಗೆ ಅದನ್ನು ಆನಂದದಿಂದ ಕೇಳಿದ. ಹಸಿರು ದೀಪ ರೆಪ್ಪೆ ಮಿಟುಕಿಸಲಿಲ್ಲ.

ಮೂರೂವರೆಗೆ ಮ್ಯಾನೇಜರರು ಶೀಶೆಯನ್ನು ಕೆಳಗಿಟ್ಟು ನುಡಿದರು: "ಭೇಷ್! ಮಂಜೂರು. ನಾಳೆಯಿಂದ ನೀನು ಮನೇಲೇ."

ಬೀರುವಿನ ಈಚೆ ಚಪ್ಪಾಳೆ ಬಿತ್ತು.

"ನಾಳಿದ್ದಿಂದ ಆಫೀಸಿನ ನೆಲ ಅಗೀತಾರಂತೆ, ಆರು ತಿಂಗಳು," ಎಂದು ಅವರು ಮುಂದುವರಿಸಿದರು. "ನಾನೆಲ್ಲಿ ಕೂರೋದು ಅನ್ನೋದೇ ಚಿಂತೆಯಾಗಿತ್ತು. ನನ್ನ ಮನೆ ಇಂಟರ್ನೆಟ್ಟೋ, ದೇವರಿಗೇ ಪ್ರೀತಿ. ನಿಮ್ಮನೇದು ನೋಡು, ಬಂಡೆ ಹಾಗಿದೆ! ಒಂದು ರೂಮೇನಾದ್ರೂ ಸಿಗುತ್ತೇನಯ್ಯ ಅಲ್ಲಿ?"

ಗುಮಾಸ್ತ ಕುರ್ಚಿಯನ್ನು ಹಿಂದಕ್ಕೆ ಜರುಗಿಸಿದ. "ಸಾರ್, ಅದು... ರೂಮು ಅಂದ್ರೆ..."

"ಇದೆ ಸಾರ್!" ಬೀರುವಿನ ಸಂದಿಯಲ್ಲಿ ಮುಖ ತೂರಿಸಿ ಲೈನ್‌ಮನ್ ಗಟ್ಟಿಯಾಗಿ ಹೇಳಿದರು. "ಮೇಲಿನ ರೂಮು! ಅಲ್ಲಿರೋನು ಇವತ್ತೋ ನಾಳೆಯೋ ಹೊರಡೋ ಗಿರಾಕಿ!"

"ಹಾಗಾದ್ರೆ ಸಂಜೆಯೇ ಬರ್ತೀನಿ. ಶೀಶೆಗೆ ಒಂದು ಕಪಾಟು ಖಾಲಿ ಮಾಡಿಸು."

ವಾಚಕ ಮಹಾಶಯರೇ, ಆ ಗಿರಾಕಿ ನಾನೇ.

ನನಗೆ ಬೇಸರವೇನೂ ಆಗಲಿಲ್ಲ. ಒಂದೇ ಕಿಟಕಿಯನ್ನು ಮೂರು ವಾರ ನೋಡಿದರೆ ನನ್ನ ಕಾಲು ತಾನಾಗಿ ತುರಿಸುತ್ತದೆ. ಕೈಯಲ್ಲಿದ್ದ ಕಾದಂಬರಿಯನ್ನು ಒಳಗಿಡಲು ಟ್ರಂಕಿನ ಮುಚ್ಚಳ ಎತ್ತಿ ಗೋಡೆಗೆ ಆನಿಸಿದೆ. ಕೆಳಗೆ ಗುಮಾಸ್ತನ ಹೆಂಡತಿ ಬೀರುವಿನ ಸಂದಿಗೆ ಒರಗಿ, ಹಿಂದಿನ ಕೋಣೆಯ ಪೆಟ್ಟಿಗೆಯ ಸಿಗ್ನಲ್ಲಿನಲ್ಲೇ ತವರಿಗೆ ವಿಡಿಯೊ ಕರೆ ಮಾಡಿ ಸಂತೋಷದ ಸುದ್ದಿ ಹೇಳುತ್ತಿದ್ದಳು.

"ರೀ, ಹೋಯ್ತು!"

ಮುಚ್ಚಳ ಇಳಿಸಿದೆ.

"ಬಂತು!"

ಮತ್ತೆ ಎತ್ತಿದೆ.

"ಥೂ, ಮತ್ತೆ ಹೋಯ್ತು!"

ನೂರಾರು ಪತ್ತೇದಾರಿ ಕಾದಂಬರಿ ಓದಿದವನಿಗೆ ಆಗ ಹೊಳೆಯಿತು. ಎತ್ತಿದ ಮುಚ್ಚಳ ಗೋಡೆಗೂಡನ್ನು ಪೂರ್ತಿಯಾಗಿ ಮುಚ್ಚುತ್ತಿತ್ತು. ತಗಡಿನ ಹಿಂದೆ ಪುಟ್ಟ ದೀಪ ಕೆಂಪಗೆ ಕುಳಿತಿತ್ತು. ಮೂರು ಗಂಟೆಗೆ ಒಂದೇ ಒಂದು ಪುಸ್ತಕಕ್ಕೆ ನಾನು ಆಸೆಪಟ್ಟಿದ್ದರೆ ಆ ಸಜ್ಜನ ಮನೆಯಲ್ಲಾದರೂ ಮ್ಯಾನೇಜರರಿಂದ ಪಾರಾಗುತ್ತಿದ್ದ. ಈಗಲೂ ಟ್ರಂಕನ್ನು ತೆರೆದೇ ಬಿಟ್ಟು ಹೋದರೆ ಮ್ಯಾನೇಜರರು ಎರಡೇ ದಿನಕ್ಕೆ ಓಡಿಹೋಗುತ್ತಾರೆ. ಆದರೆ ಒಳಗೆ ಇನ್ನೂ ಹದಿನೇಳು ಕಾದಂಬರಿಗಳು ಓದದೆ ಉಳಿದಿದ್ದವು, ಅರ್ಧಕ್ಕೆ ನಿಂತ ಇನ್ನೊಂದರ ಕೊಲೆಗಾರ ಯಾರೆಂದೂ ನನಗಿನ್ನೂ ತಿಳಿದಿರಲಿಲ್ಲ.

ಬೀರು ಆಗಲೂ ಕದಲಿರಲಿಲ್ಲ. ಸಂದಿಯಲ್ಲಿ ಇಣುಕಿ, "ಹೋಗ್ಬರ್ತೀನಿ," ಎಂದೆ.

"ಪುಣ್ಯವಂತರು ನೀವು," ಒಳಗಿನಿಂದ ಗುಮಾಸ್ತ ನಿಟ್ಟುಸಿರಿಟ್ಟ. "ಹೋಗೋಕಾದ್ರೂ ಆಗುತ್ತೆ."

ಲೈನ್‌ಮನ್ ಟ್ರಂಕಿನ ಒಂದು ಹಿಡಿಕೆ ಹಿಡಿದು ಗೇಟಿನವರೆಗೆ ಬಂದರು. "ಈಗ ನೋಡಿ, ಈ ಮನೇಲಿ ಇನ್ನು ಜನ್ಮದಲ್ಲಿ ಕಡಿಯಲ್ಲ," ಎಂದರು ಹೆಮ್ಮೆಯಿಂದ. ಅವರ ಮಾತು ನೂರಕ್ಕೆ ನೂರು ಸತ್ಯವೆಂದು ಬಲ್ಲವನು ನಾನೊಬ್ಬನೇ.

ಬೀದಿಯ ತಿರುವಿನಲ್ಲಿ ಒಬ್ಬ ಹಿರಿಯರು ಎದುರಾದರು. ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಪುಟ್ಟ ಶೀಶೆ. ನನ್ನನ್ನು ಕಂಡು ಅವರ ಮುಖ ಅರಳಿತು.

"ಇದರೊಳಗೆ ಏನಿದೆ ಹೇಳಿ ನೋಡೋಣ?"

ಟ್ರಂಕನ್ನು ಹೆಗಲಿಗೇರಿಸಿ ನಾನು ಬೀಸುಹೆಜ್ಜೆ ಹಾಕಿದೆ.